ಕನ್ನಡಕ ಕಳಚಿಟ್ಟು ನೀರಿಗಿಳಿಯುವವರಿಗೆ: ಪಾರ್ಕಿನ ದಿನ ಮತ್ತು ಲೇಸರ್ ಲೆಕ್ಕ

ವಾಟರ್ ಸ್ಲೈಡಿನ ತುದಿಯಲ್ಲಿ ನಿಂತ ಸಿಬ್ಬಂದಿ ‘ಕನ್ನಡಕ ತೆಗೆದಿಡಿ’ ಅಂದ ತಕ್ಷಣ ನನಗೆ ಸ್ಪಷ್ಟವಾಗಿ ಕಾಣುವುದು 22 ಸೆಂಟಿಮೀಟರ್‌ವರೆಗೆ ಮಾತ್ರ. ನನ್ನ ಪವರ್ ಮೈನಸ್ 4.5. ನೂರನ್ನು ಪವರ್‌ನಿಂದ ಭಾಗಿಸಿದರೆ ಬರಿಗಣ್ಣಿಗೆ ನಿಚ್ಚಳವಾಗಿ ಕಾಣುವ ದೂರ ಸೆಂಟಿಮೀಟರ್‌ನಲ್ಲಿ ಸಿಗುತ್ತದೆ: ಮೈನಸ್ 2 ಇದ್ದವರಿಗೆ 50, ಮೈನಸ್ 6 ಇದ್ದವರಿಗೆ 17ರ ಆಸುಪಾಸು. ಅದರಾಚೆಗೆ ಇರುವುದೆಲ್ಲ ಬಣ್ಣ ಕಲಸಿದ ಹಾಗೆ. ನೀರಿನಲ್ಲಿ ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸಿ ಕರೆಯುವುದೂ ಇಲ್ಲ. ಬಾಯಿ ನೀರಿನ ಮಟ್ಟಕ್ಕೆ ಇಳಿದು ಸದ್ದಿಲ್ಲದೆ ಒಳಗೆ ಹೋಗುತ್ತದೆ. ಕಿವಿಯನ್ನು ನಂಬಿಕೊಂಡು ಅಲ್ಲಿ ಮಕ್ಕಳನ್ನು ಕಾಯಲಾಗದು. ಕಣ್ಣೇ ಬೇಕು.

ಕನ್ನಡಕ ಬಿಡಿಸುವ ಕಣ್ಣಿನ ಲೇಸರ್ ಚಿಕಿತ್ಸೆ ಮಾಡಿಸಿಕೊಂಡರೆ ಹೇಗೆ ಅನ್ನುವ ಯೋಚನೆ ಬಹಳ ಜನಕ್ಕೆ ಬರುವುದು ಇಂಥ ಜಾಗದಲ್ಲೇ. ನಾನು ಮೊದಲು ಪಾರ್ಕಿನ ತೊಂದರೆಯನ್ನು ಲೇಸರ್ ಇಲ್ಲದೆಯೇ ಬಗೆಹರಿಸಿಕೊಂಡೆ. ಲೇಸರ್ ಬೇಕೋ ಬೇಡವೋ ಎಂದು ಕೂತು ಲೆಕ್ಕ ಹಾಕಿದ್ದು ಆಮೇಲೆ. ಎರಡನ್ನೂ ಕಲಸಿಬಿಟ್ಟರೆ, ವರ್ಷದಲ್ಲಿ ಎರಡು ದಿನದ ಆಟಕ್ಕಾಗಿ ಮತ್ತೆಂದೂ ಬೆಳೆಯದ ಕಣ್ಣಿನ ಅಂಗಾಂಶವನ್ನು ಕೊಟ್ಟುಬಿಡುವ ನಿರ್ಧಾರವಾಗುತ್ತದೆ.

ನೀರಿನಲ್ಲಿ

ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಈಜುಕೊಳಕ್ಕಾಗಲಿ ವೇವ್ ಪೂಲ್‌ಗಾಗಲಿ ಇಳಿಯಬೇಡಿ. ಅಕಾಂತಮೀಬಾ ಎಂಬ ಏಕಕೋಶ ಜೀವಿ ನೀರಿನಲ್ಲಿರುತ್ತದೆ. ಅದು ಚಿಪ್ಪು ಕಟ್ಟಿಕೊಂಡ ಸ್ಥಿತಿಯಲ್ಲಿದ್ದಾಗ ಕೊಳಕ್ಕೆ ಹಾಕುವ ಕ್ಲೋರಿನ್‌ಗೆ ಜಗ್ಗುವುದಿಲ್ಲ. ಲೆನ್ಸ್ ಅದನ್ನು ಗಂಟೆಗಟ್ಟಲೆ ಕಾರ್ನಿಯಾಗೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಒತ್ತಿ ಹಿಡಿಯುತ್ತದೆ. ಹೀಗೆ ಬರುವ ಸೋಂಕು ಅಪರೂಪ, ಆದರೆ ಬಂದರೆ ತಿಂಗಳುಗಟ್ಟಲೆ ಚಿಕಿತ್ಸೆ, ಕೆಲವೊಮ್ಮೆ ದೃಷ್ಟಿಯೇ ಹೋಗುತ್ತದೆ. ಇನ್ನೊಂದು ಸಂಗತಿ, ಕೊಳದ ನೀರಿನಲ್ಲಿ ಉಪ್ಪು ಕಣ್ಣೀರಿಗಿಂತ ಕಡಿಮೆ ಇರುವುದರಿಂದ ಮೃದು ಲೆನ್ಸ್ ಕಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಗ ಎಳೆದು ಕೀಳಬಾರದು. ಲೂಬ್ರಿಕೇಟಿಂಗ್ ಡ್ರಾಪ್ಸ್ ಹಾಕಿ, ಲೆನ್ಸ್ ತಾನಾಗಿ ಅಲುಗಾಡುವ ತನಕ ಕಾದು ತೆಗೆದು, ಎಸೆಯಬೇಕು. ನಲ್ಲಿ ನೀರಿನಲ್ಲಿ ತೊಳೆದು ಮತ್ತೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ನನ್ನ ಉಪಾಯ ಪವರ್ ಇರುವ ಈಜು ಗಾಗಲ್ಸ್. ಸಿದ್ಧವಾಗಿ ಸಿಗುವಂಥವು ಸಾಮಾನ್ಯವಾಗಿ 0.5ರ ಅಂತರದಲ್ಲಿ ಬರುತ್ತವೆ. ಎಡಗಣ್ಣಿಗೂ ಬಲಗಣ್ಣಿಗೂ ಬೇರೆ ಬೇರೆ ಪವರ್ ಜೋಡಿಸಿಕೊಳ್ಳುವ ಮಾದರಿಗಳೂ ಇವೆ. ಅವುಗಳಲ್ಲಿ ಸಿಲಿಂಡರ್ (ಕಾರ್ನಿಯಾದ ಬಾಗು ಎಲ್ಲ ಕಡೆ ಸಮನಾಗಿಲ್ಲದ್ದನ್ನು ಸರಿಪಡಿಸುವ ಪವರ್) ಇರುವುದಿಲ್ಲವಾದ್ದರಿಂದ ಸಿಲಿಂಡರ್‌ನ ಅರ್ಧವನ್ನು ಮುಖ್ಯ ಪವರ್‌ಗೆ ಕೂಡಿಸಿಕೊಳ್ಳಬೇಕು. ನನ್ನದು ಮೈನಸ್ 4.5, ಸಿಲಿಂಡರ್ ಮೈನಸ್ 0.75, ಕೂಡಿಸಿದರೆ ಮೈನಸ್ 4.87. ಐದಕ್ಕೆ ಏರಿಸದೆ 4.5ಕ್ಕೇ ನಿಂತೆ. ತುಸು ಕಡಿಮೆಯಾದರೂ ಹತ್ತು ಮೀಟರ್ ಆಚೆಯ ಮಗುವಿನ ಮುಖ ಗುರುತು ಸಿಗುತ್ತದೆ, ತಲೆನೋವೂ ಬರುವುದಿಲ್ಲ. ಈ ಗಾಗಲ್ಸ್‌ನ ಹೊರಮೈ ಚಪ್ಪಟೆ, ಪವರ್ ಇರುವುದು ಒಳಮೈಯಲ್ಲಿ. ಹಾಗಾಗಿ ನೀರಿನ ಒಳಗೂ ಹೊರಗೂ ಒಂದೇ ರೀತಿ ಕಾಣುತ್ತದೆ. ಮಂಜು ಕಟ್ಟುವುದೊಂದೇ ಕಾಟ. ಒಳಮೈಯನ್ನು ಬೆರಳಿಂದ ಉಜ್ಜಿದರೆ ಮಂಜು ತಡೆಯುವ ಲೇಪ ಎದ್ದುಹೋಗುತ್ತದೆ, ಆದ್ದರಿಂದ ನೀರಿಗೆ ಅದ್ದಿ ಕೊಡವಿಕೊಳ್ಳುವುದಷ್ಟೇ.

ಕೆಲವು ಸ್ಲೈಡ್‌ಗಳಲ್ಲಿ ಗಾಗಲ್ಸ್‌ಗೂ ಅನುಮತಿ ಇಲ್ಲ. ಅಂಥ ಕಡೆ ಕನ್ನಡಕ ಹಾಕಿದ ಹಿರಿಯರೊಬ್ಬರು ಸ್ಲೈಡ್ ಬಂದು ಸೇರುವ ಕೊಳದ ಅಂಚಿನಲ್ಲಿ ಮೊದಲೇ ಹೋಗಿ ನಿಲ್ಲಬೇಕು. ಅವರು ಕೈ ಎತ್ತಿದ ಮೇಲೆ ಮೇಲಿದ್ದವರು ಮಗುವನ್ನು ಬಿಡಬೇಕು. ಈಜುಡುಗೆಯ ಬಣ್ಣವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ನೀಲಿ, ಬಿಳಿ, ಬೂದು ಬಣ್ಣಗಳು ಕೊಳದ ತಳದಲ್ಲಿ ಕರಗಿಹೋಗುತ್ತವೆ. ಹೊಳೆಯುವ ಕಿತ್ತಳೆಯೋ ಗುಲಾಬಿಯೋ ಆದರೆ ನನ್ನಂಥ ಮಬ್ಬುಗಣ್ಣಿಗೂ ಎದ್ದು ಕಾಣುತ್ತದೆ. ಇಬ್ಬರು ಮಕ್ಕಳಿದ್ದರೆ ಇಬ್ಬರಿಗೂ ಒಂದೇ ಬಣ್ಣ ತೊಡಿಸಿ: ಒಂದೇ ಚುಕ್ಕೆ ಕಂಡರೆ ಇನ್ನೊಬ್ಬರು ಕಾಣುತ್ತಿಲ್ಲ ಎಂದು ಕೂಡಲೇ ತಿಳಿಯುತ್ತದೆ.

ಒಣ ರೈಡ್‌ಗಳಲ್ಲಿ

ಇಲ್ಲಿ ಒಂದೇ ದಿನಕ್ಕೆಂದು ಮಾಡಿದ ಡಿಸ್ಪೋಸಬಲ್ ಲೆನ್ಸ್ ಚೆನ್ನಾಗಿ ನಡೆಯುತ್ತದೆ. ಬೆಳಿಗ್ಗೆ ಮೊದಲು ಲೆನ್ಸ್, ಆಮೇಲೆ ಸನ್‌ಸ್ಕ್ರೀನ್. ಕ್ರಮ ತಿರುವುಮುರುವಾದರೆ ಬೆರಳಿನ ಜಿಡ್ಡು ಲೆನ್ಸಿಗೆ ಹತ್ತಿ ದಿನವಿಡೀ ಉರಿ, ಮಂಜು. ಬೆವರಿನೊಂದಿಗೆ ಹಣೆಯಿಂದ ಇಳಿಯುವ ಕ್ರೀಮ್ ಕೂಡ ಇದನ್ನೇ ಮಾಡುತ್ತದೆ. ಅದಕ್ಕೇ ಹುಬ್ಬಿನ ಮೇಲೂ ಕಣ್ಣಿನ ಸುತ್ತಲೂ ಕಡ್ಡಿ ರೂಪದ ಸನ್‌ಸ್ಕ್ರೀನ್ ಹಚ್ಚುತ್ತೇನೆ, ಅದು ಅಷ್ಟಾಗಿ ಹರಿಯುವುದಿಲ್ಲ. ವೇಗದ ರೈಡ್‌ನಲ್ಲಿ ಗಾಳಿಗೆ ಲೆನ್ಸ್ ಒಣಗಿ ಅಂಚು ಏಳುತ್ತದೆ. ಕಣ್ಣನ್ನು ಕಿರಿದು ಮಾಡಿಕೊಂಡು ಬೇಕೆಂದೇ ಮತ್ತೆ ಮತ್ತೆ ಮಿಟುಕಿಸಿದರೆ ನಿಲ್ಲುತ್ತದೆ. ಚೀಲದಲ್ಲಿ ಇನ್ನೊಂದು ಜೊತೆ ಲೆನ್ಸ್, ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್, ಗಟ್ಟಿ ಡಬ್ಬಿಯಲ್ಲಿ ಕನ್ನಡಕ ಇರಲೇಬೇಕು. ನೀರಿನ ಆಟಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು, ಅಲ್ಲಿಗೆ ಹೋಗುವ ಮುಂಚೆ ಲೆನ್ಸ್ ತೆಗೆದು ಎಸೆದು ಗಾಗಲ್ಸ್‌ಗೆ ಬದಲಾಗುತ್ತೇನೆ.

ಕನ್ನಡಕದಲ್ಲೇ ಕೂರುವುದಾದರೆ ತಲೆಯ ಹಿಂದೆ ಬಿಗಿಯುವ ನಿಯೋಪ್ರೀನ್ ಪಟ್ಟಿ ಹಾಕಿ, ತಲೆ ಬಗ್ಗಿಸಿ ಜೋರಾಗಿ ಅಲ್ಲಾಡಿಸಿ ನೋಡಿ. ಮೂಗಿನಿಂದ ಜಾರಿದರೆ ಪಟ್ಟಿ ಸಡಿಲ ಇದೆ ಎಂದರ್ಥ. ಭುಜದ ಮೇಲಿಂದ ಬರುವ ತಡೆಗಂಬಿ ಇರುವ ರೈಡ್‌ನಲ್ಲಿ ಮಾತ್ರ ಕನ್ನಡಕ ಬೇಡ. ತಲೆ ಅಕ್ಕಪಕ್ಕ ಬಡಿದಾಗ ಕನ್ನಡಕದ ಕಡ್ಡಿ ಕಣತಲೆಗೆ ಚುಚ್ಚುತ್ತದೆ. ಮೇಲಿಂದ ಏನಾದರೂ ಬಿದ್ದುಹೋದರೆ ಸಿಬ್ಬಂದಿಗೆ ತಿಳಿಸಿ ಬಿಟ್ಟುಬಿಡಿ. ಬಿದ್ದ ವಸ್ತು ತರಲು ಬೇಲಿ ದಾಟಿ ಹೋಗಿ ರೈಡ್ ಬಡಿದು ಜನ ಸತ್ತಿದ್ದಾರೆ.

ಏನೂ ಹಾಕದೆ ರೋಲರ್ ಕೋಸ್ಟರ್ ಹತ್ತಿದರೆ ಮುಂದಿನ ತಿರುವು ಕಾಣುವುದಿಲ್ಲ. ಕಾಣದಿದ್ದರೆ ಕತ್ತು ಮೊದಲೇ ಬಿಗಿಗೊಳ್ಳುವುದಿಲ್ಲ, ಎಳೆತವೆಲ್ಲ ಕತ್ತಿಗೇ ಬೀಳುತ್ತದೆ. ತಲೆಯನ್ನು ಹಿಂಬದಿಯ ಒರಗಿಗೆ ಒತ್ತಿ ಹಿಡಿದು ಮಧ್ಯದ ಸಾಲಿನಲ್ಲಿ ಕೂರುವುದು ಒಳ್ಳೆಯದು. ಕೊನೆಯ ಸಾಲನ್ನು ಮುಂದಿನ ಬೋಗಿಗಳು ದಿಬ್ಬದ ಮೇಲಿಂದ ಎಳೆದುಕೊಂಡು ಹೋಗುವುದರಿಂದ ಅಲ್ಲಿ ಜಗ್ಗುವಿಕೆ ಜಾಸ್ತಿ.

ಮಕ್ಕಳ ಎತ್ತರವನ್ನು ಪಾರ್ಕಿಗೆ ಹಾಕಿಕೊಂಡು ಹೋಗುವ ಚಪ್ಪಲಿಯಲ್ಲೇ ಮನೆಯಲ್ಲಿ ಅಳೆದುಕೊಳ್ಳಿ, ರೈಡ್‌ಗಳ ಎತ್ತರದ ಮಿತಿಯನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಸರತಿಯಲ್ಲಿ ಮುಕ್ಕಾಲು ಗಂಟೆ ನಿಂತ ಮಗುವನ್ನು ಒಂದು ಸೆಂಟಿಮೀಟರ್‌ಗೆ ವಾಪಸು ಕಳಿಸಿದರೆ ಅದರ ದಿನವೇ ಹಾಳು. ಚಿಕ್ಕವರನ್ನು ಬಿಟ್ಟು ಹತ್ತಬೇಕಾದಾಗ ‘ರೈಡರ್ ಸ್ವಾಪ್’ ಇದೆಯೇ ಎಂದು ಕೇಳಿ. ಒಬ್ಬರು ಇಳಿದ ಮೇಲೆ ಇನ್ನೊಬ್ಬರು ಮತ್ತೆ ಸರತಿ ನಿಲ್ಲದೆ ಹತ್ತುವ ವ್ಯವಸ್ಥೆ ಅದು.

ಪವರ್ ಮೈನಸ್ 6 ದಾಟಿದವರಿಗೆ ಒಂದು ಮಾತು. ಉದ್ದವಾದ ಕಣ್ಣುಗುಡ್ಡೆಯಲ್ಲಿ ರೆಟಿನಾ, ಅಂದರೆ ಹಿಂಬದಿಯ ಬೆಳಕು ಗ್ರಹಿಸುವ ಪದರ, ಎಳೆದು ತೆಳ್ಳಗಾಗಿರುತ್ತದೆ. ರೈಡ್‌ಗಳಿಗೆ ಹೋಗುವ ಮುಂಚೆ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಿಕೊಳ್ಳಿ. ಮಿಂಚು ಹೊಡೆದಂತೆ ಬೆಳಕು, ಒಮ್ಮೆಲೇ ಎದ್ದ ಕಪ್ಪು ಚುಕ್ಕೆಗಳ ಹಿಂಡು, ಒಂದು ಬದಿಯಿಂದ ಪರದೆ ಇಳಿದಂಥ ನೆರಳು — ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಕಣ್ಣಿನ ಡಾಕ್ಟರ ಬಳಿಗೆ ಹೋಗಬೇಕು. ಲೇಸರ್ ಮಾಡಿಸಿಕೊಂಡರೂ ಈ ಅಪಾಯ ಹೋಗುವುದಿಲ್ಲ. ಲೇಸರ್ ಕಾರ್ನಿಯಾದ ಬಾಗು ಬದಲಿಸುತ್ತದೆ, ಗುಡ್ಡೆಯ ಉದ್ದ ಇದ್ದಷ್ಟೇ ಇರುತ್ತದೆ. ಇದನ್ನು ತಿಳಿಯದೆ ‘ನನ್ನ ಕಣ್ಣು ಈಗ ಸರಿಹೋಯಿತು’ ಎಂದು ರೆಟಿನಾ ಪರೀಕ್ಷೆಯನ್ನೇ ನಿಲ್ಲಿಸುವವರ ಬಗ್ಗೆ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಲೇಸರ್: ಮೈಕ್ರಾನ್‌ಗಳ ಲೆಕ್ಕ

1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಸಂಗಡಿಗರು 193 ನ್ಯಾನೋಮೀಟರ್ ತರಂಗದ ಎಕ್ಸೈಮರ್ ಲೇಸರ್ ಜೀವ ಅಂಗಾಂಶವನ್ನು ಸುಡದೆ, ಅಕ್ಕಪಕ್ಕಕ್ಕೆ ಶಾಖ ಹರಡದೆ ಕೊರೆಯುತ್ತದೆ ಎಂದು ಕಂಡುಕೊಂಡರು. ಅಣುಗಳ ಬಂಧವನ್ನೇ ಬಿಡಿಸಿ ಪದರ ಪದರವಾಗಿ ತೆಗೆಯುವ ಆ ಗುಣವೇ ಇಂದಿನ ಲೇಸಿಕ್ ಎಂಬ ಕಣ್ಣಿನ ಲೇಸರ್ ಚಿಕಿತ್ಸೆಯ ಬುನಾದಿ. ತೆಗೆದದ್ದು ಮರಳಿ ಬೆಳೆಯುವುದಿಲ್ಲ. ಎಲ್ಲ ಲೆಕ್ಕವೂ ಎಷ್ಟು ಉಳಿಯುತ್ತದೆ ಎಂಬುದರ ಮೇಲೆಯೇ.

ಕಾರ್ನಿಯಾದ ನಡುಭಾಗದ ದಪ್ಪ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ನನ್ನದು ಅತಿ ತೆಳುವಾದ ಜಾಗದಲ್ಲಿ 528. ಚಿಕಿತ್ಸೆ ಮಾಡುವ ವೃತ್ತದ ವ್ಯಾಸದ ವರ್ಗವನ್ನು ಪವರ್‌ನಿಂದ ಗುಣಿಸಿ ಮೂರರಿಂದ ಭಾಗಿಸಿದರೆ ತೆಗೆಯಬೇಕಾದ ಆಳ ಸುಮಾರಾಗಿ ಸಿಗುತ್ತದೆ. ವೃತ್ತ 6.5 ಮಿ.ಮೀ. ಆದರೆ ಒಂದು ಪವರ್‌ಗೆ 14 ಮೈಕ್ರಾನ್. ಇಲ್ಲಿ ಸಿಲಿಂಡರ್ ಪೂರ್ತಿ ಸೇರಿ ನನಗೆ 5.25, ಅಂದರೆ 74 ಮೈಕ್ರಾನ್. ಲೇಸಿಕ್‌ನಲ್ಲಿ ಮೊದಲು ಎತ್ತುವ ಮುಚ್ಚಳ, ಅದೇ ಫ್ಲಾಪ್, 110. ಉಳಿಯುವುದು 344. ಕನಿಷ್ಠ 250 ಉಳಿಯಬೇಕು ಎಂಬುದು ಹಳೆಯ ನಿಯಮ. 300ಕ್ಕೆ ಕಡಿಮೆ ಆಗಬಾರದು ಅನ್ನುವ ಡಾಕ್ಟರುಗಳೂ ಇದ್ದಾರೆ. ಇನ್ನೊಂದು ಅಳತೆ, ಫ್ಲಾಪ್ ಮತ್ತು ತೆಗೆದ ಆಳ ಸೇರಿ ಒಟ್ಟು ದಪ್ಪದ ಶೇ 40 ದಾಟಬಾರದು. ನನ್ನದು ಶೇ 35. ಇದೇ ಕಾರ್ನಿಯಾದಲ್ಲಿ ಪವರ್ 8 ಇದ್ದಿದ್ದರೆ ಶೇ 42 ಆಗುತ್ತಿತ್ತು, ಆಗ ಲೇಸಿಕ್ ಬೇಡ ಎಂದೇ ಹೇಳಬೇಕು. ವೃತ್ತವನ್ನು 6 ಮಿ.ಮೀ.ಗೆ ಇಳಿಸಿ ಅಂಗಾಂಶ ಉಳಿಸಬಹುದು. ಆದರೆ ಕತ್ತಲಲ್ಲಿ ಪಾಪೆ ಅದಕ್ಕಿಂತ ದೊಡ್ಡದಾಗಿ ತೆರೆದುಕೊಳ್ಳುವವರಿಗೆ ಪ್ರತಿ ದೀಪದ ಸುತ್ತ ಬಳೆ ಕಾಣತೊಡಗುತ್ತದೆ. ಸಂಜೆಯ ಹೊತ್ತು ಸಾಲುದೀಪ ಹಚ್ಚಿದ ಪಾರ್ಕಿನಲ್ಲಿ ಅದು ಸಣ್ಣ ಕಿರಿಕಿರಿಯಲ್ಲ.

ಈ ಅಂಕಿಗಳು ಸರಿ ಬರಬೇಕಾದರೆ ಪರೀಕ್ಷೆಗೆ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟಿರಬೇಕು: ಮೃದು ಲೆನ್ಸ್ ಆದರೆ ಎರಡು ವಾರ, ಟೋರಿಕ್ (ಸಿಲಿಂಡರ್ ಇರುವ ಮೃದು ಲೆನ್ಸ್) ಮತ್ತು ಆರ್‌ಜಿಪಿ (ಗಾಳಿ ಹಾಯುವ ಗಟ್ಟಿ ಲೆನ್ಸ್) ಮೂರು ವಾರ, ಹಳೆಯ ಗಟ್ಟಿ ಲೆನ್ಸ್ ನಾಲ್ಕು ವಾರ. ಲೆನ್ಸ್ ಒತ್ತಿ ಕಾರ್ನಿಯಾದ ಆಕಾರ ಬದಲಾಗಿರುತ್ತದೆ. ಹಿಂದಿನ ರಾತ್ರಿವರೆಗೂ ಲೆನ್ಸ್ ಹಾಕಿ ಹೋದ ನನ್ನ ಮೊದಲ ಅಳತೆಯಲ್ಲಿ ಪವರ್ 0.75 ತಪ್ಪಾಗಿ ಬಂದಿತ್ತು; ಎರಡು ವಾರ ಬರೀ ಕನ್ನಡಕ ಹಾಕಿದ ಮೇಲೆ ಹಳೆಯ ಪವರ್‌ಗೇ ಮರಳಿತು. ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಹೆಚ್ಚು ಸರಿದಿರಬಾರದು ಎಂಬ ನಿಯಮವನ್ನು ಇಂಥ ಸುಳ್ಳು ಅಳತೆ ಕೆಡಿಸಿಬಿಡುತ್ತದೆ. ಕಾರ್ನಿಯಾದ ನಕ್ಷೆ ತೆಗೆಯುವ ಟೋಪೋಗ್ರಫಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಕಾರ್ನಿಯಾ ತೆಳುವಾಗಿ ಮೊನಚಾಗುವ ಕೆರಟೋಕೋನಸ್ ಕಾಯಿಲೆಯ ಆರಂಭ ಅದರಲ್ಲಿ ಮಾತ್ರ ಸಿಗಬಹುದು, ಅದಿದ್ದೂ ಲೇಸರ್ ಮಾಡಿದರೆ ಕಾರ್ನಿಯಾ ಮುಂದಕ್ಕೆ ಉಬ್ಬುತ್ತಾ ಹೋಗುತ್ತದೆ. ಕಣ್ಣು ಉಜ್ಜುವ ಚಟ, ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇರುವುದು, ಗರ್ಭ, ಹಾಲೂಡಿಸುವುದು — ಎಲ್ಲವನ್ನೂ ಡಾಕ್ಟರಿಗೆ ಹೇಳಬೇಕು.

ಯಾವ ವಿಧಾನ ಎಂಬುದರಲ್ಲಿ ಮನೆಯ ಚಿಕ್ಕ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಲೇಸಿಕ್ ಫ್ಲಾಪ್‌ನ ಅಂಚು ಕೂಡಿಕೊಂಡರೂ ಮೊದಲಿನ ಬಲ ಬರುವುದಿಲ್ಲ. ಮಗುವಿನ ಉಗುರೋ ಬೆರಳೋ ಜೋರಾಗಿ ತಗುಲಿದರೆ ವರ್ಷಗಳ ನಂತರವೂ ಅದು ಜರುಗಬಲ್ಲದು. ಸ್ಮೈಲ್ ವಿಧಾನದಲ್ಲಿ ಫ್ಲಾಪ್ ಇಲ್ಲ, 2ರಿಂದ 4 ಮಿ.ಮೀ. ಸೀಳಿನಿಂದ ತೆಳುವಾದ ಬಿಲ್ಲೆಯನ್ನು ಹೊರತೆಗೆಯುತ್ತಾರೆ. ಪಿಆರ್‌ಕೆ ಎಂಬ ಇನ್ನೊಂದು ವಿಧಾನದಲ್ಲಿ ಮೇಲ್ಪದರವನ್ನಷ್ಟೇ ಕೆರೆದು ಲೇಸರ್ ಹಾಯಿಸುತ್ತಾರೆ. ಕೆರೆದ ಮೇಲ್ಪದರ ಮಾತ್ರ ನಾಲ್ಕೈದು ದಿನದಲ್ಲಿ ಮತ್ತೆ ಬೆಳೆಯುತ್ತದೆ, ಅಷ್ಟು ದಿನ ಚೆನ್ನಾಗಿಯೇ ನೋಯುತ್ತದೆ, ದೃಷ್ಟಿ ತಿಳಿಯಾಗಲು ವಾರಗಳೇ ಬೇಕು, ತಿಂಗಳುಗಟ್ಟಲೆ ಬಿಸಿಲಿಗೆ ಕಪ್ಪು ಕನ್ನಡಕ ತಪ್ಪದು.

ಚಿಕಿತ್ಸೆಯ ಬಳಿಕ ಕೊಳ, ಬಿಸಿನೀರಿನ ತೊಟ್ಟಿಗಳಿಂದ ಒಂದರಿಂದ ಎರಡು ತಿಂಗಳು ದೂರ ಇರಬೇಕು ಎಂಬುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹೆ. ತಲೆ ಬಡಿಯುವ ರೈಡ್‌ಗಳನ್ನೂ ಕನಿಷ್ಠ ಒಂದು ತಿಂಗಳು ಬಿಡುವುದು ನನ್ನ ತೀರ್ಮಾನ. ಆದ್ದರಿಂದ ಮಕ್ಕಳ ರಜೆಗೆ ಹದಿನೈದು ದಿನ ಮುಂಚೆ ದಿನ ಗೊತ್ತು ಮಾಡಬೇಡಿ. ಪಾರ್ಕ್ ಮುಗಿಸಿಕೊಂಡು ಬಂದ ಮೇಲೆಯೇ ಇಟ್ಟುಕೊಳ್ಳಿ.

ವಯಸ್ಸು ನಲವತ್ತರ ಹತ್ತಿರ ಇದ್ದರೆ ಇನ್ನೊಂದು ಕಳೆಯುವ ಲೆಕ್ಕವಿದೆ. ಈಗ ಮಗುವಿನ ಅಂಗಾಲಿಗೆ ಮುಳ್ಳು ಚುಚ್ಚಿದರೆ ಕನ್ನಡಕ ತೆಗೆದು, 20 ಸೆಂ.ಮೀ. ಹತ್ತಿರಕ್ಕೆ ಹಿಡಿದು, ಚಿಮಟದಿಂದ ಎಳೆದುಬಿಡುತ್ತೇನೆ. ದೂರಕ್ಕೆ ಸರಿಮಾಡಿಸಿಕೊಂಡ ಕಣ್ಣಿಗೆ ನಲವತ್ತೈದರ ಹೊತ್ತಿಗೆ ಅದೇ ಮುಳ್ಳು ತೆಗೆಯಲು ಓದುವ ಕನ್ನಡಕ ಬೇಕಾಗುತ್ತದೆ.

ಇಷ್ಟೆಲ್ಲ ಒಪ್ಪಿ ನಾನು ನಿಂತಿರುವುದು ಕಣ್ಣೀರಿನ ಹತ್ತಿರ. ಕಣ್ಣೀರು ಎಷ್ಟು ಬರುತ್ತದೆ ಎಂದು ನೋಡಲು ಕೆಳರೆಪ್ಪೆಯ ಹೊರಮೂಲೆಗೆ 5 ಮಿ.ಮೀ. ಅಗಲದ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಪಟ್ಟಿ 10 ಮಿ.ಮೀ.ಗಿಂತ ಹೆಚ್ಚು ಒದ್ದೆಯಾಗಬೇಕು. ನನ್ನದು ಎಂಟಕ್ಕೇ ನಿಂತಿತು. ಲೇಸರ್ ಕಾರ್ನಿಯಾದ ನರಗಳನ್ನೂ ಕತ್ತರಿಸುವುದರಿಂದ ಒಣಕಣ್ಣು ಕೆಲವು ತಿಂಗಳು ಹೆಚ್ಚಾಗುತ್ತದೆ. ಮೊದಲೇ ಒಣಗಿದ್ದವರಿಗೆ ಅದು ಗಾಳಿ, ಎಸಿ, ಕ್ಲೋರಿನ್ ಮೂರೂ ಇರುವ ಪಾರ್ಕಿನಲ್ಲಿ ಸಹಿಸಲಾರದ ಉರಿ. ಹಾಗಾಗಿ ಈಗ ದಿನಕ್ಕೆರಡು ಬಾರಿ ಬಿಸಿ ಬಟ್ಟೆಯ ಶಾಖ ಹತ್ತು ನಿಮಿಷ, ಕೂಡಲೇ ರೆಪ್ಪೆಯನ್ನು ಕೂದಲಿನ ಅಂಚಿನ ಕಡೆಗೆ ಮೆತ್ತಗೆ ಒತ್ತಿ ತೀಡುವುದು, ನಾಲ್ಕು ಸಲ ಡ್ರಾಪ್ಸ್. ಮೂರು ತಿಂಗಳಾದ ಮೇಲೆ ಮತ್ತೆ ಪಟ್ಟಿ ಇಟ್ಟು ನೋಡುತ್ತಾರೆ. ಆ ಪರೀಕ್ಷೆಗೆ ಎರಡು ವಾರ ಮುಂಚೆಯೇ ಲೆನ್ಸ್ ಬಿಡಬೇಕೆಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ. ನಡುವೆ ಬರುವ ರಜೆಗೆ ಮೈನಸ್ 4.5ರ ಗಾಗಲ್ಸ್ ಇದೆ.