ಯಜಮಾನ್ರು ಕೊಟ್ಟ ಮಾತು, ನಾನು ತೀರಿಸಿದ ಲೆಕ್ಕ

ಕಂಪನಿಯಲ್ಲಿ ತಲೆಯಾಳು ಬದಲಾದ್ರೆ ಏನು ಮಾಡ್ಬೇಕು ಅಂತ ಬರೆಯೋರೆಲ್ಲ ವಿಷನ್ನು, ಕಲ್ಚರ್ರು, ಸ್ಟ್ರಾಟಜಿ ಅಂತಾರೆ, ನಂಗೆ ಮೊದಲ ವರ್ಷ ಆ ಮೂರಕ್ಕೂ ಪುರುಸೊತ್ತೇ ಸಿಗ್ಲಿಲ್ಲ. ನನ್ನ ತಲೆ ಮೇಲೆ ಬಂದಿದ್ದು ಹಳೇ ಎಂಡಿ ಬಾಯಿಮಾತಲ್ಲಿ ಒಪ್ಕೊಂಡಿದ್ದ ನೂರೆಂಟು ವಿಷಯ. ಯಾವ ಬ್ಯಾಲೆನ್ಸ್ ಶೀಟಲ್ಲೂ ಇಲ್ಲ, ಆದ್ರೆ ಕಂಪನಿ ಮುಳುಗ್ತಿದ್ದಿದ್ದು ಅದರಿಂದಾನೇ.

ಹೆಸರು ಬೇಡ. ಬೆಂಗಳೂರಿಂದು, ಸಣ್ಣ ಫ್ಯಾಕ್ಟರಿಗಳಿಗೆ ಇಆರ್‌ಪಿ, ಅಂದ್ರೆ ಫ್ಯಾಕ್ಟರಿ ವ್ಯವಹಾರ ಎಲ್ಲ ಒಂದೇ ಕಡೆ ನೋಡ್ಕೊಳೋ ಸಾಫ್ಟ್‌ವೇರ್, ಮಾಡ್ಕೊಡ್ತೀವಿ. ಪೀಣ್ಯದ ಮಷಿನ್ ಶಾಪುಗಳು, ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳು, ಹುಬ್ಬಳ್ಳಿ ಕಡೆ ವಾಲ್ವ್ ಮಾಡೋರು. ಸ್ಟೋರ್ಸು, ಪರ್ಚೇಸು, ಜಾಬ್‌ವರ್ಕಿಗೆ ಅಂತ ಹೊರಗಿನವರ ಹತ್ರ ಹೋದ ಮಾಲು ವಾಪಸ್ ಬಂತಾ ಇಲ್ವಾ, ಬಿಲ್ಲಿಂಗು, ಇಷ್ಟೇ. ನಾನು ಇಂಪ್ಲಿಮೆಂಟೇಶನ್, ಅಂದ್ರೆ ಗಿರಾಕಿಗಳ ಕಡೆ ಅದನ್ನ ಕೂರಿಸೋ ಕೆಲಸ, ನೋಡ್ಕೋತಿದ್ದೆ. ಎಂಡಿ ಸಾರ್ ಮೊದಲ ವರ್ಷನ್ನನ್ನ ತಾವೇ ಕೂತು ವಿಬಿ6 ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೋರು, ಮೈಕ್ರೋಸಾಫ್ಟ್‌ನೋರು 2008ರಲ್ಲೇ ವಿಬಿ6 ಕೈಬಿಟ್ರು, ನಮ್ಮದು ಮಾತ್ರ ಅದರ ಮೇಲೇ ಓಡ್ತಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಒಳ್ಳೇ ದುಡ್ಡು ಬಂತು, ಹೊಸದಾಗಿ ಬರೆಯೋಕೆ ಅದೇ ಸರಿಯಾದ ಸಮಯ ಆಗಿತ್ತು, ಆದ್ರೆ ಆ ದುಡ್ಡೆಲ್ಲ ಒಬ್ಬೊಬ್ಬ ಗಿರಾಕಿ ಕೇಳಿದ ಹಾಗೆ ಕೋಡ್ ತಿದ್ದೋಕೆ ಹೋಯ್ತು. ಆಮೇಲೆ ಕೋವಿಡ್. 2023ರ ಬೇಸಿಗೆ ಹೊತ್ತಿಗೆ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಲಿಮಿಟ್ ಪೂರ್ತಿ ತೆಗೆದಾಗಿತ್ತು, ಎಂಡಿ ಸಾರ್ ಆರೋಗ್ಯನೂ ಸರಿ ಇರ್ಲಿಲ್ಲ, ದುಡ್ಡು ಹಾಕಿದ್ದ ಇನ್ನಿಬ್ರು ಡೈರೆಕ್ಟರ್‌ಗಳು ಕರೆದು "ನೀನೇ ನೋಡ್ಕೊಳಪ್ಪ" ಅಂದ್ರು.

ಅವರಲ್ಲಿ ಒಬ್ರಿಗೆ ಹೊರಗಿಂದ ದೊಡ್ಡ ಹೆಸರು ಯಾರನ್ನಾದ್ರೂ ತರ್ಬೇಕು ಅಂತಿತ್ತು. ಇನ್ಫೋಸಿಸ್ 2018ರಲ್ಲಿ ಸಲೀಲ್ ಪಾರೇಖ್ ಅವರನ್ನ ಹೊರಗಿಂದ ಸಿಇಒ ಆಗಿ ತಂತಲ್ಲ ಅಂತ ಉದಾಹರಣೆ ಬೇರೆ. ನಾನಂದೆ, ಸಾರ್, ಅವರ ಹತ್ರ ಬ್ಯಾಂಕಲ್ಲಿ ದುಡ್ಡಿತ್ತು, ಹೊಸಬರು ಬಂದು ಮನೆ ಅರ್ಥ ಮಾಡ್ಕೊಳೋವರೆಗೂ ಕಾಯೋ ತಾಕತ್ತಿತ್ತು. ನಮ್ಮ ಪರಿಸ್ಥಿತಿಗೆ ಹತ್ರ ಬರೋದು 2009ರ ಸತ್ಯಂ ಕಂಪ್ಯೂಟರ್ಸ್: ಲೆಕ್ಕದಲ್ಲಿ ಮೋಸ ಮಾಡಿದ್ದೀನಿ ಅಂತ ಚೇರ್ಮನ್ ರಾಮಲಿಂಗ ರಾಜು ತಪ್ಪೊಪ್ಕೊಂಡಿದ್ದು ಜನವರಿ 7ಕ್ಕೆ, ಸರ್ಕಾರ ಕೂರಿಸಿದ ಬೋರ್ಡು ಫೆಬ್ರವರಿ ಮೊದಲ ವಾರದಲ್ಲೇ ಸಿಇಒ ಮಾಡಿದ್ದು ಒಳಗಿನವರೇ ಆದ ಎ.ಎಸ್. ಮೂರ್ತಿ ಅವರನ್ನ. ಸಂಬಳಕ್ಕೇ ತತ್ವಾರ ಇರೋ ಕಡೆ ಗಿರಾಕಿ ಹೆಸರು ಗೊತ್ತಿರೋನೇ ಬೇಕು. ಇದನ್ನ ನನಗೋಸ್ಕರ ಹೇಳ್ಕೊಂಡೆ ಅಂದ್ರೂ ಪರವಾಗಿಲ್ಲ, ಈಗಲೂ ಅದೇ ಹೇಳ್ತೀನಿ.

ಮೊದಲು ಕಾಗದದ ಕೆಲಸ, ಇದನ್ನ ಯಾರೂ ಹೇಳ್ಕೊಡಲ್ಲ. ಬೋರ್ಡ್ ರೆಸಲ್ಯೂಶನ್ ಆಯ್ತು, 30 ದಿನದೊಳಗೆ ಆರ್‌ಒಸಿಗೆ (ಕಂಪನಿಗಳ ರಿಜಿಸ್ಟ್ರಾರ್) ಡೈರೆಕ್ಟರ್ ಬದಲಾದ್ರು ಅಂತ ತಿಳಿಸೋ ಡಿಐಆರ್-12 ಫಾರ್ಮ್ ಹಾಕ್ಬೇಕು, ಹಾಕಿದ್ವಿ, ಎಲ್ರೂ ಕೈ ಕುಲುಕಿದ್ರು. ಆದ್ರೆ ಪ್ರತಿ ತಿಂಗಳೂ ಟಿಡಿಎಸ್ 7ಕ್ಕೆ, ಪಿಎಫ್ 15ಕ್ಕೆ, ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ 20ಕ್ಕೆ, ಇವೆಲ್ಲ ಕಟ್ಟೋಕೆ ಹೋದ್ರೆ ಓಟಿಪಿ ಎಲ್ಲ ಹಳೇ ಎಂಡಿ ಮೊಬೈಲಿಗೇ ಹೋಗ್ತಿತ್ತು. ಕುರ್ಚಿ ನನ್ನದು, ಓಟಿಪಿ ಅವರದು. ಬ್ಯಾಂಕ್ ಸಿಗ್ನೇಟರಿ, ಜಿಎಸ್‌ಟಿ ಪೋರ್ಟಲ್ಲು, ಪಿಎಫ್ ಡಿಜಿಟಲ್ ಸಹಿ, ಡೊಮೇನ್ ರಿಜಿಸ್ಟ್ರೇಶನ್ನು, ಸರ್ವರ್ ಬಿಲ್ ಕಟ್ಟೋ ಕಾರ್ಡು, ಒಂದೊಂದನ್ನೂ ಬೇರೆ ಬೇರೆ ಬದಲಾಯಿಸ್ಬೇಕಾಯ್ತು. ಅಧಿಕಾರ ವಹಿಸ್ಕೊಳ್ಳೋ ತಾರೀಖಿಗೆ ಮುಂಚೆನೇ ಇದನ್ನ ಮುಗಿಸ್ಕೊಳ್ಳಿ.

ಇನ್ನೊಂದು, ಓಡಿಗೆ ಅಡಮಾನ ಇಟ್ಟಿದ್ದು ಎಂಡಿ ಸಾರ್ ಮನೆ, ಜೊತೆಗೆ ಅವರ ಪರ್ಸನಲ್ ಗ್ಯಾರಂಟಿ. ಡೈರೆಕ್ಟರ್‌ಗಿರಿಗೆ ರಾಜೀನಾಮೆ ಕೊಟ್ರೆ ಗ್ಯಾರಂಟಿ ತಾನಾಗೇ ಹೋಗಲ್ಲ, ಬ್ಯಾಂಕ್ ಬಿಡುಗಡೆ ಮಾಡ್ಬೇಕು, ಬೇರೆ ಆಸ್ತಿ ಇಡದೆ ಅವರು ಯಾಕೆ ಬಿಡ್ತಾರೆ. ಹಾಗಾಗಿ ಸಾರ್ ಪ್ರತಿಯೊಂದಕ್ಕೂ ತಲೆ ಹಾಕ್ತಿದ್ರು, ಆಫೀಸಲ್ಲಿ ಹುಡುಗರು "ಮುದುಕ್ರಿಗೆ ಬಿಡೋಕೆ ಮನಸಿಲ್ಲ" ಅಂತ ಗೊಣಗ್ತಿದ್ರು. ನಂಗೆ ಹಾಗನ್ನಿಸ್ಲಿಲ್ಲ. ಮನೆ ಪತ್ರ ಬ್ಯಾಂಕಲ್ಲಿರೋನು ನಿದ್ದೆ ಹೇಗೆ ಮಾಡ್ತಾನೆ. ಒಂದು ಕಾಗದ ಬರ್ಕೊಂಡ್ವಿ: ತಿಂಗಳು ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ಅವರಿಗೆ ಹೋಗುತ್ತೆ, ಅವರ ಸಹಿ ಇಲ್ದೆ ಲಿಮಿಟ್ ಒಂದು ರೂಪಾಯಿನೂ ಹೆಚ್ಚಿಸಲ್ಲ, ಅದಕ್ಕೆ ಬದಲಾಗಿ ಗಿರಾಕಿಗಳು ಫೋನ್ ಮಾಡಿದ್ರೆ ಅವರು ನನ್ನ ನಂಬರ್ ಕೊಡ್ಬೇಕು, ಹೂಂ ಅನ್ನಂಗಿಲ್ಲ.

ಆ "ಹೂಂ"ಗಳದ್ದೇ ದೊಡ್ಡ ಕಥೆ. ಒಂದು ಎಕ್ಸೆಲ್ ತೆಗೆದೆ, ಯಾರಿಗೆ, ಏನು, ಯಾವಾಗ ಒಪ್ಪಿದ್ದು ಅಂತ ಕಾಲಂ ಹಾಕಿದೆ, ಸಾಯಂಕಾಲ ಅವರ ಮನೆಗೆ ಹೋಗಿ ಕೂತು ನೆನಪಿದ್ದಷ್ಟೂ ಬರ್ಕೊಂಡೆ. ಅಮ್ಮಾವ್ರು ಕಾಫಿ ತಂದಿಟ್ಟು "ಇಷ್ಟೊಂದು ಒಪ್ಕೊಂಡಿದ್ರಾ" ಅಂತ ಅವರ ಮುಖ ನೋಡಿದ್ರು. ಮಿಕ್ಕಿದ್ದು ಗಿರಾಕಿಗಳಿಂದ್ಲೇ ಬಂತು. ಬೆಳಗಾವಿಯ ಒಬ್ರು ಫೌಂಡ್ರಿ ಮಾಲೀಕರು, "ಸರ, ನಿಮ್ಮ ಸಾಹೇಬ್ರ ಹೇಳ್ಯಾರ್ರೀ, ಒಮ್ಮೆ ರೊಕ್ಕ ಕೊಟ್ರ ಮುಗೀತು, ಮುಂದ ಎಲ್ಲಾ ಅಪ್‌ಡೇಟ್ ಫ್ರೀ ಅಂತ, ಈಗ ನೀವ್ ಬಂದು ಎಎಂಸಿ ಅಂತೀರಿ" ಅಂದ್ರು. ಎಎಂಸಿ ಅಂದ್ರೆ ವರ್ಷ ವರ್ಷ ಕಟ್ಟೋ ನಿರ್ವಹಣೆ ದುಡ್ಡು. ಸುಳ್ಳಲ್ಲ, ಹೇಳಿದ್ರು. ಲೈಫ್‌ಟೈಮ್ ಫ್ರೀ ಅಂತ ಒಪ್ಪಿದ್ದೋರೇ ಅರ್ಧಕ್ಕರ್ಧ ಇದ್ರು.

ಇವುಗಳನ್ನ ಸಾರಾಸಗಟಾಗಿ "ಅದು ಹಳೇ ಮ್ಯಾನೇಜ್‌ಮೆಂಟ್ ಹೇಳಿದ್ದು, ನಮಗೆ ಸಂಬಂಧ ಇಲ್ಲ" ಅಂತ ತಳ್ಳಿಹಾಕೋದು ಸುಲಭ, ಆದ್ರೆ ಉದ್ಯಮಬಾಗದಲ್ಲಿ ಒಬ್ಬನಿಗೆ ಹಾಗಂದ್ರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತೆ. ನಾನು ಹಿಡಿದ ದಾರಿ ಇದು: ಅವರು ಅವತ್ತು ಕೊಂಡ ಸಾಫ್ಟ್‌ವೇರಲ್ಲಿ ತೊಂದ್ರೆ ಇದ್ರೆ ಸಾಯೋವರೆಗೂ ಫ್ರೀ ಸರಿ ಮಾಡ್ತೀವಿ, ಸರ್ಕಾರ ಹೊಸ ನಿಯಮ ತಂದ್ರೆ ಅದಕ್ಕೆ ವರ್ಷಕ್ಕಿಷ್ಟು ಅಂತ ದುಡ್ಡು. ಕಾಲನೂ ಕೂಡಿ ಬಂತು. 2023ರ ಆಗಸ್ಟ್ 1ರಿಂದ ಇ-ಇನ್ವಾಯ್ಸ್ (ಬಿಲ್ಲನ್ನ ಸರ್ಕಾರಿ ಪೋರ್ಟಲ್ಲಲ್ಲಿ ದಾಖಲಿಸೋದು) ಕಡ್ಡಾಯ ಆಗೋ ಮಿತಿ ಹತ್ತು ಕೋಟಿಯಿಂದ ಐದು ಕೋಟಿ ವಹಿವಾಟಿಗೆ ಇಳೀತು, ನಮ್ಮ ಗಿರಾಕಿಗಳಲ್ಲಿ ಬಹಳ ಜನ ಆ ಐದು-ಹತ್ತರ ಮಧ್ಯದೋರೇ. ಪೋರ್ಟಲ್ಲಿಂದ ಐಆರ್‌ಎನ್ (ಆ ಬಿಲ್ಲಿನ ದಾಖಲೆ ನಂಬರ್), ಕ್ಯೂಆರ್ ಕೋಡ್ ಬರ್ದೆ ಬಿಲ್ಲೇ ಬಿಲ್ಲಲ್ಲ. ಮೊದಲಿನ ಥರ ಆಗಿದ್ರೆ ಒಬ್ಬೊಬ್ರ ಕೋಡಲ್ಲೂ ಬೇರೆ ಬೇರೆ ಕೂತು ಸೇರಿಸ್ತಿದ್ವಿ. ನಾನು ಕಸ್ಟಮೈಸೇಶನ್ ಎಲ್ಲ ನಿಲ್ಲಿಸಿ ಇದನ್ನ ಹೊರಗೆ ಒಂದೇ ಸರ್ವಿಸ್ ಆಗಿ ಮಾಡಿಸ್ದೆ, ಎಲ್ಲಾ ಹಳೇ ವರ್ಷನ್‌ಗಳೂ ಬರೀ ಬಿಲ್ ಡೇಟಾ ಕಳಿಸೋದು, ಐಆರ್‌ಎನ್ ವಾಪಸ್ ತಗೊಳ್ಳೋದು. ಅದಕ್ಕೆ ದುಡ್ಡು ಕೇಳಿದಾಗ ಬೆಳಗಾವಿಯವರೂ ತಕರಾರು ಮಾಡ್ಲಿಲ್ಲ.

ಕಷ್ಟ ಆಗಿದ್ದು ಬ್ಯಾಕೆಂಡ್ ಎಡಿಟ್. ಕೆಲವರಿಗೆ ಸಾರ್ ಏನು ಒಪ್ಪಿದ್ರು ಅಂದ್ರೆ, ತಪ್ಪಾಗಿ ಎಂಟ್ರಿ ಹಾಕಿದ್ರೆ ಫೋನ್ ಮಾಡಿ, ನಮ್ಮ ಹುಡುಗರು ಡೇಟಾಬೇಸಲ್ಲೇ ತಿದ್ದಿಬಿಡ್ತಾರೆ ಅಂತ. 2023ರ ಏಪ್ರಿಲ್ 1ರಿಂದ ಕಂಪನಿ ಅಂತ ರಿಜಿಸ್ಟರ್ ಆಗಿರೋರೆಲ್ಲ ಆಡಿಟ್ ಟ್ರೇಲ್ ಇರೋ ಸಾಫ್ಟ್‌ವೇರಲ್ಲೇ ಲೆಕ್ಕ ಇಡ್ಬೇಕು, ಯಾರು ಯಾವಾಗ ಏನು ತಿದ್ದಿದ್ರು ಅನ್ನೋದು ಉಳೀಬೇಕು, ಅದನ್ನ ಆಫ್ ಮಾಡೋಕೆ ಬರ್ಬಾರ್ದು, ಆಡಿಟರ್ ಅದನ್ನ ರಿಪೋರ್ಟಲ್ಲೂ ಬರೀಬೇಕು. ನಾನು ಮಾಲೀಕರ ಜೊತೆ ವಾದ ಮಾಡೋಕೆ ಹೋಗ್ಲೇ ಇಲ್ಲ, ನೇರವಾಗಿ ಅವರ ಆಡಿಟರ್‌ಗಳಿಗೆ ಫೋನ್ ಮಾಡಿ ನಮ್ಮ ಲಾಗ್ ತೋರಿಸ್ದೆ. ಮಿಕ್ಕಿದ್ದನ್ನ ಆಡಿಟರ್‌ಗಳೇ ಹೇಳಿದ್ರು. ಒಬ್ಬಿಬ್ರು ಬಿಟ್ಟುಹೋದ್ರು, ಅವರ ಡೇಟಾ ಪೂರ್ತಿ ಎಕ್ಸೆಲ್ಲಿಗೆ ತೆಗೆದು, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿಗೆ ಹಾಕೋ ಹಾಗೆ ಮಾಡಿ ಕೊಟ್ಟು ಕಳಿಸಿದ್ವಿ. ನಿಜ ಹೇಳ್ಬೇಕಂದ್ರೆ ಅವರು ಹೋಗಿದ್ದು ಒಳ್ಳೇದೇ ಆಯ್ತು.

ಬಾಕಿ ವಸೂಲಿಗೆ ಒಂದು ಕಾನೂನೇ ಸಹಾಯ ಮಾಡ್ತು. ನಮಗೆ ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮ ಅಂತ ಸರ್ಕಾರಿ ನೋಂದಣಿ) ಇತ್ತು, ಯಾರೂ ಅದರ ನಂಬರ್ ಬಿಲ್ ಮೇಲೆ ಹಾಕ್ತಿರ್ಲಿಲ್ಲ ಅಷ್ಟೇ. ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ 43ಬಿ(ಎಚ್) ಬಂದ ಮೇಲೆ ಮೈಕ್ರೋ, ಸ್ಮಾಲ್ ಘಟಕಗಳಿಗೆ ಒಪ್ಪಂದ ಇದ್ರೆ ಹೆಚ್ಚಂದ್ರೆ 45 ದಿನ, ಇಲ್ದಿದ್ರೆ 15 ದಿನದೊಳಗೆ ದುಡ್ಡು ಕೊಡ್ಬೇಕು, ಇಲ್ಲಾಂದ್ರೆ ದುಡ್ಡು ಕೊಡೋ ವರ್ಷದವರೆಗೂ ಆ ಖರ್ಚು ಕೊಂಡೋರ ತೆರಿಗೆ ಲೆಕ್ಕಕ್ಕೆ ಬರಲ್ಲ. ಬಿಲ್ ಮೇಲೆ ಉದ್ಯಮ್ ನಂಬರ್ ದೊಡ್ಡದಾಗಿ ಹಾಕಿಸ್ದೆ. ಲೆಕ್ಕದ ವರ್ಷ ಮುಗಿಯೋ 2024ರ ಮಾರ್ಚಲ್ಲಿ, ಅಲ್ಲೀವರೆಗೂ ಫೋನೇ ಎತ್ತದೇ ಇದ್ದೋರು ತಾವಾಗಿ ಫೋನ್ ಮಾಡಿ ಅಕೌಂಟ್ ನಂಬರ್ ಕೇಳಿದ್ರು. ಜಿಎಸ್‌ಟಿ ಹದಿನೆಂಟು ಪರ್ಸೆಂಟು ನಾವು ಬಿಲ್ ಹಾಕಿದ ಮುಂದಿನ ತಿಂಗಳೇ ಕೈಯಿಂದ ಕಟ್ಟಿರ್ತೀವಿ, ಆ ಸಂಕಟ ಸಣ್ಣ ಕಂಪನಿ ನಡೆಸೋನಿಗೇ ಗೊತ್ತು.

ಎಕ್ಸೆಲ್ಲಲ್ಲಿ ನಮ್ಮವರ ಹೆಸರೂ ಇದ್ವು. ಹಳಬ್ರಿಗೆಲ್ಲ "ನಿಂಗೆ ಶೇರ್ ಕೊಡ್ತೀನಿ ಕಣಯ್ಯ" ಅಂತ ಹೇಳಿದ್ರು, ಒಂದು ಚೀಟಿನೂ ಇಲ್ಲ. ವಿಬಿ6 ಕೋಡ್ ಪೂರ್ತಿ ಗೊತ್ತಿದ್ದ ಒಬ್ಬನೇ ಒಬ್ಬ ಡೆವಲಪರ್ ಹತ್ರ ಕೂತು, ಷೇರ್ ಹಂಚೋಕೆ ಷೇರುದಾರರ ರೆಸಲ್ಯೂಶನ್ ಮಾಡ್ಬೇಕು, ಮಾಡಿದ್ರೂ ಈಗ ಅದಕ್ಕೆ ಬೆಲೆ ಇಲ್ಲ, ಬೇಕಾದ್ರೆ ಮಾಡ್ಸೋಣ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ಶೇರ್ ಇರ್ಲಿ ಸಾರ್, ಮೊದಲು ಗ್ರ್ಯಾಚುಟಿ ದುಡ್ಡು ಎತ್ತಿಡಿ" ಅಂದ. ಸರಿಯಾಗೇ ಹೇಳಿದ್ದ, ವರ್ಷಗಟ್ಟಲೆ ದುಡಿದ ಅಷ್ಟೂ ಜನರ ಗ್ರ್ಯಾಚುಟಿಗೆ ಕಂಪನಿ ಒಂದು ಪೈಸೆ ಕೂಡಿಟ್ಟಿರ್ಲಿಲ್ಲ. ಎಲ್‌ಐಸಿ ಗ್ರೂಪ್ ಗ್ರ್ಯಾಚುಟಿಗೆ ಕಂತು ಶುರು ಮಾಡಿದ್ವಿ, ರಸೀದಿ ಎಲ್ರಿಗೂ ತೋರಿಸ್ದೆ, ಆವಾಗಿಂದ ಹುಡುಗರು ಸಾರ್ ಮನೆಗೆ ಹೋಗಿ ನನ್ನ ಮೇಲೆ ಚಾಡಿ ಹೇಳೋದು ಕಮ್ಮಿ ಆಯ್ತು.

ಓಡಿ ಈಗ ಸುಮಾರು ಇಳಿದಿದೆ, ಇನ್ನೂ ತೀರಿಲ್ಲ, ಬ್ಯಾಂಕಿನೋರು ಮನೆ ಪತ್ರ ಬಿಡೋಕೆ ಇನ್ನೊಂದು ವರ್ಷದ ಲೆಕ್ಕ ನೋಡ್ಬೇಕು ಅಂತಿದಾರೆ. ಜಾಬ್‌ವರ್ಕ್ ಮಾಡ್ಯೂಲ್ ಹೊಸದಾಗಿ ಬರೀತಿದೀವಿ, ಹಳೇದನ್ನ ಪೂರ್ತಿ ಬಿಡಿಸೋಕಾಗಿಲ್ಲ. ಎಕ್ಸೆಲ್ಲಲ್ಲಿ ತೀರದೆ ಉಳಿದಿರೋದು ಕೆಲವೇ, ಅದರಲ್ಲಿ ಹುಬ್ಬಳ್ಳಿಯ ಒಬ್ರು ವಾಲ್ವ್ ಫ್ಯಾಕ್ಟರಿಯವರದ್ದು ದೊಡ್ಡದು, ಪ್ರತಿ ಬ್ರ್ಯಾಂಚಿಗೂ ಫ್ರೀ ಲೈಸೆನ್ಸ್ ಅಂತ ಸಾರ್ ಒಪ್ಪಿದ್ರಂತೆ, ಅವರು ಈಗ ಇನ್ನೆರಡು ಬ್ರ್ಯಾಂಚ್ ತೆಗೀತಿದಾರೆ.