ಕೊಕೇನ್ ಸಿಕ್ಕಿಬಿದ್ದ ಸುದ್ದಿ ಓದುವುದು ಹೇಗೆ?

2024ರ ಅಕ್ಟೋಬರ್‌ನಲ್ಲಿ ದೆಹಲಿ ಪೊಲೀಸರು ಸುಮಾರು 560 ಕೆಜಿ ಕೊಕೇನ್ ಹಿಡಿದರು. ಜೊತೆಗೆ ಒಂದಿಷ್ಟು ಗಾಂಜಾ. ಬೆಲೆ 5,600 ಕೋಟಿ ರೂಪಾಯಿಗೂ ಜಾಸ್ತಿ ಅಂತ ಎಲ್ಲ ಕಡೆ ಬಂತು. 2021ರಲ್ಲಿ ತೂತ್ತುಕುಡಿ ಬಂದರಿನ ಕಂಟೇನರ್‌ನಲ್ಲಿ 300 ಕೆಜಿ ಸಿಕ್ಕಾಗಲೂ ಇಂಥದೇ ತಲೆಬರಹಗಳು. ಓದಿದವರಿಗೆ ದಂಧೆಯ ಬೆನ್ನು ಮುರಿಯಿತು ಅನ್ನಿಸುತ್ತದೆ. ನಿಜಕ್ಕೂ ಮುರಿಯಿತಾ ಅಂತ ನೀವೇ ನೋಡಿಕೊಳ್ಳಬಹುದು.

ಮೊದಲು ಆ ಕೋಟಿಗಳನ್ನು ಪಕ್ಕಕ್ಕಿಡಿ. ಅದು ಕೊನೆಯ ಗಿರಾಕಿ ಕೊಡುವ ಬೆಲೆ. ಕೊಲಂಬಿಯಾದ ಕಾಡಿನ ಲ್ಯಾಬ್ ಬಾಗಿಲಲ್ಲಿ ಒಂದು ಕೆಜಿಗೆ ಒಂದೆರಡು ಸಾವಿರ ಡಾಲರ್ ಅಷ್ಟೇ. ಆ ಲೆಕ್ಕದಲ್ಲಿ ದೆಹಲಿಯ 560 ಕೆಜಿ ಹತ್ತು ಕೋಟಿ ರೂಪಾಯಿಯ ಆಸುಪಾಸಿನ ಮಾಲು. ಸಾಗಣೆ ಖರ್ಚು ಸೇರಿಸಿದರೂ 5,600 ಕೋಟಿಯ ಹತ್ತಿರಕ್ಕೆ ಬರುವುದಿಲ್ಲ. ಕಳೆದುಕೊಂಡ ಸರಕನ್ನು ಮತ್ತೆ ಮಾಡಿಸುವುದು ಇಷ್ಟು ಅಗ್ಗ ಆಗಿರುವುದರಿಂದಲೇ, ಎಷ್ಟೇ ಹಿಡಿದರೂ ಕಳ್ಳಸಾಗಣೆದಾರರು ಅದನ್ನು ವ್ಯಾಪಾರದ ಖರ್ಚು ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ.

ಆಮೇಲೆ ಜಪ್ತಿಯ ತೂಕ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 3,700 ಟನ್ ಕೊಕೇನ್ ತಯಾರಾಯಿತು, ಸಿಕ್ಕಿದ್ದು 2,275 ಟನ್. ಹಾಗಾದರೆ ಅರ್ಧಕ್ಕಿಂತ ಜಾಸ್ತಿ ಹಿಡಿದರು ಅಂತ ಭಾಗಾಕಾರ ಮಾಡಬೇಡಿ. ತಯಾರಿಕೆಯದು ಶುದ್ಧ ಕೊಕೇನ್ ಲೆಕ್ಕ, ಜಪ್ತಿಯದು ಬೇರೇನೋ ಬೆರೆಸಿದ ಮಾಲೂ ಸೇರಿದ ತೂಕ. ಎರಡು ದೇಶ ಸೇರಿ ಹಿಡಿದದ್ದನ್ನು ಇಬ್ಬರೂ ತಮ್ಮ ಖಾತೆಗೆ ಬರೆದುಕೊಳ್ಳುವುದೂ ಉಂಟು. ಬಲೆಗೆ ಜಾಸ್ತಿ ಮೀನು ಬಿದ್ದರೆ ಬಲೆ ಚೆನ್ನಾಗಿದೆ ಅಂತಲೂ ಇರಬಹುದು, ಕೆರೆಯಲ್ಲಿ ಮೀನು ಜಾಸ್ತಿಯಾಗಿದೆ ಅಂತಲೂ ಇರಬಹುದು ಅಲ್ವಾ? ಕೊಕೇನ್ ಬಳಸುವವರು 2013ರಲ್ಲಿ 1.7 ಕೋಟಿ ಇದ್ದರು, 2023ಕ್ಕೆ 2.5 ಕೋಟಿ ಆದರು. ಕೆರೆಯ ಕಥೆ ಅದರಲ್ಲೇ ಗೊತ್ತಾಗುತ್ತದೆ.

ಹಾಗಾಗಿ ನೋಡಬೇಕಾದ್ದು ಬೀದಿಯ ಬೆಲೆ ಮತ್ತು ಶುದ್ಧತೆ. ಸರಕು ನಿಜವಾಗಿ ಕಮ್ಮಿಯಾದರೆ ಬೆಲೆ ಏರಬೇಕು, ಬೆರಕೆ ಹೆಚ್ಚಬೇಕು. ಯುರೋಪಿನಲ್ಲಿ ಕಳೆದ ಹತ್ತು ವರ್ಷ ಆಗಿದ್ದು ಉಲ್ಟಾ: ಬೆಲೆ ಹೆಚ್ಚೇನೂ ಏರಲಿಲ್ಲ, ಶುದ್ಧತೆ ಮಾತ್ರ ಏರುತ್ತಾ ಹೋಯಿತು. ನನ್ನ ಪ್ರಕಾರ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

ಯಾರಾದರೂ ಯಶಸ್ಸಿನ ಅಂಕಿ ಕೊಟ್ಟರೆ ಅದು ಯಾವ ವರ್ಷದಿಂದ ಶುರುವಾಗುತ್ತದೆ ಅಂತ ನೋಡಿ. ಕೊಲಂಬಿಯಾದ ಕೊಕೇನ್ ದಂಧೆ ಹತ್ತಿಕ್ಕಲು ಅಮೆರಿಕದ ನೆರವಿನಿಂದ ನಡೆದ 'ಪ್ಲಾನ್ ಕೊಲಂಬಿಯಾ' ಶುರುವಾದದ್ದು 2000ದಲ್ಲಿ. ಅಮೆರಿಕ ಮುಂದಿನ ಹದಿನೈದು ವರ್ಷಗಳಲ್ಲಿ ಸುಮಾರು 1,000 ಕೋಟಿ ಡಾಲರ್ ಕೊಟ್ಟಿತು, ವಿಮಾನದಿಂದ ಗ್ಲೈಫೊಸೇಟ್ ಎಂಬ ಕಳೆನಾಶಕದ ಸಿಂಪಡಣೆ ಆಯಿತು. ಕೊಕೇನ್ ತೆಗೆಯುವುದು ಕೋಕಾ ಗಿಡದ ಎಲೆಯಿಂದ. 2000ದಲ್ಲಿ ಕೊಲಂಬಿಯಾದಲ್ಲಿ 1,63,000 ಹೆಕ್ಟೇರ್ ಇದ್ದ ಕೋಕಾ ಬೆಳೆ 2013ಕ್ಕೆ 48,000ಕ್ಕೆ ಇಳಿಯಿತು. ಅಲ್ಲಿಗೇ ನಿಲ್ಲಿಸಿದರೆ ದೊಡ್ಡ ಗೆಲುವು. 2017ಕ್ಕೆ ಅದು 1,71,000, 2023ಕ್ಕೆ 2,53,000. ಸಿಂಪಡಣೆ ನಿಲ್ಲಿಸಿದ್ದೇ ಕಾರಣ ಅನ್ನುವವರಿದ್ದಾರೆ, ಆದರೆ ನಿಲ್ಲಿಸಿದ್ದು 2015ರಲ್ಲಿ, ಏರಿಕೆ ಶುರುವಾದದ್ದು 2014ರಲ್ಲೇ. ಹೆಕ್ಟೇರ್ ಒಂದನ್ನೇ ನಂಬುವುದೂ ಕಷ್ಟ. 2023ರಲ್ಲಿ ಕೊಲಂಬಿಯಾದ ಬೆಳೆ ಏರಿದ್ದು ಶೇ 10, ಕೊಕೇನ್ ಏರಿದ್ದು ಶೇ 53. ಒಂದೇ ಹೊಲದಿಂದ ಈಗ ಹೆಚ್ಚು ತೆಗೆಯುತ್ತಿದ್ದಾರೆ.

ಇನ್ನೊಂದು ಮುಖ್ಯ ಪ್ರಶ್ನೆ: ಇಲ್ಲಿ ಕಮ್ಮಿಯಾದದ್ದು ಎಲ್ಲಿಗೆ ಹೋಯಿತು? 1990ರ ದಶಕದಲ್ಲಿ ಪೆರು, ಬೊಲಿವಿಯಾದಲ್ಲಿ ಕೋಕಾ ಇಳಿಯಿತು, ಕೊಲಂಬಿಯಾದಲ್ಲಿ ಬೆಳೆಯಿತು. ಬೆಲ್ಜಿಯಂನ ಆ್ಯಂಟ್‌ವರ್ಪ್ ಬಂದರಿನಲ್ಲಿ 2023ರಲ್ಲಿ 116 ಟನ್ ಸಿಕ್ಕಿತ್ತು, 2024ರಲ್ಲಿ 44 ಟನ್. ಕಾವಲು ಬಿಗಿಯಾದದ್ದು ನಿಜ, ಆದರೆ ಸರಕು ಸಣ್ಣ ಬಂದರುಗಳತ್ತ ಹೊರಳಿದ್ದೂ ನಿಜ.

ಈ ಹೊರಳುವಿಕೆಗೆ ಜನ ಕೊಟ್ಟ ಬೆಲೆ ನೋಡಬೇಕೆಂದರೆ ಈಕ್ವೆಡಾರ್ ನೋಡಿ. ಅಲ್ಲಿ ಕೋಕಾ ಬೆಳೆಯುವುದೇ ಇಲ್ಲ ಅನ್ನಬಹುದು. ಆದರೆ ಎರಡು ಪಕ್ಕದಲ್ಲಿ ಕೊಲಂಬಿಯಾ, ಪೆರು. ಗುವಾಯಾಕಿಲ್ ಬಂದರಿನಿಂದ ಜಗತ್ತಿಗೆಲ್ಲ ಬಾಳೆಹಣ್ಣಿನ ಕಂಟೇನರ್‌ಗಳು ಹೊರಡುತ್ತವೆ, ಕೊಕೇನ್ ಅವುಗಳೊಳಗೆ ಹೊಕ್ಕಿತು. 2019ರಲ್ಲಿ ಲಕ್ಷ ಜನಕ್ಕೆ ಸುಮಾರು 7 ಇದ್ದ ಕೊಲೆಗಳು 2023ರಲ್ಲಿ 40 ದಾಟಿದವು. ಅದೇ ವರ್ಷ ಆಗಸ್ಟ್‌ನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಫರ್ನಾಂಡೊ ವಿಲಾವಿಸೆನ್ಸಿಯೊ ಅವರನ್ನು ಪ್ರಚಾರ ಸಭೆಯಿಂದ ಹೊರಗೆ ಬರುವಾಗಲೇ ಗುಂಡಿಟ್ಟು ಕೊಂದರು. ಟನ್ ಲೆಕ್ಕದ ಯಾವ ವರದಿ ಓದಿದರೂ ಸತ್ತವರ ಲೆಕ್ಕವನ್ನು ಅದರ ಪಕ್ಕದಲ್ಲೇ ಇಟ್ಟುಕೊಳ್ಳಿ.

ಹಾಗಂತ ಏನೂ ಕೆಲಸ ಮಾಡುವುದಿಲ್ಲ ಅಂತಲ್ಲ. ಬೊಲಿವಿಯಾದ ಚಪಾರೆಯಲ್ಲಿ 2004ರಿಂದ ಪ್ರತಿ ರೈತ ಕುಟುಂಬಕ್ಕೆ 1,600 ಚದರ ಮೀಟರ್ ಕೋಕಾ ಬೆಳೆಯಲು ಬಿಟ್ಟರು. ಅಲ್ಲಿ ಎಲೆ ಜಗಿಯುವುದು ಹಳೇ ಪದ್ಧತಿ. ಮಿತಿ ಮೀರದಂತೆ ರೈತ ಸಂಘಗಳೇ ಕಾಯ್ದವು. ದೇಶದ ಒಟ್ಟು ಬೆಳೆ 2010ರ 31,000 ಹೆಕ್ಟೇರ್‌ನಿಂದ 2014ಕ್ಕೆ 20,400ಕ್ಕೆ ಇಳಿಯಿತು. ಮೊದಲು ಸೈನಿಕರು ಬೆಳೆ ಕೀಳಲು ಬಂದಾಗ ಹರಿಯುತ್ತಿದ್ದ ರಕ್ತ ತುಂಬಾ ಕಮ್ಮಿಯಾಯಿತು. ಆಮೇಲೆ ಬೆಳೆ ಮತ್ತೆ 30,000ದ ಸುತ್ತ ಬಂದಿದೆ, ಅದನ್ನೂ ಮುಚ್ಚಿಡಬಾರದು. ಆದರೂ ಗಿಡ ಕಿತ್ತುಹಾಕಿ, ಬೇರೆ ಬೆಳೆ ಮಾರಲು ರಸ್ತೆಯೂ ಕೊಡದೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ರೈತನಿಗೆ ಸಾಲ ತೀರಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಅವನು ಕೋಕಾವನ್ನೇ ಮತ್ತೆ ನೆಡುತ್ತಾನೆ.

ವಿಶ್ವಸಂಸ್ಥೆಯ ಮಾದಕವಸ್ತು ವರದಿ ಪ್ರತಿ ವರ್ಷ ಜೂನ್ ಕೊನೆಗೆ ಬರುತ್ತದೆ, ಆನ್‌ಲೈನ್‌ನಲ್ಲಿ ಉಚಿತ. ಕೊಕೇನ್ ಭಾಗ ತೆರೆದು ಕೊಲಂಬಿಯಾ, ಪೆರು, ಬೊಲಿವಿಯಾ ಮೂರನ್ನೂ ಕೂಡಿಸಿ ನೋಡಿ, ಒಂದನ್ನೇ ಅಲ್ಲ. ಕನಿಷ್ಠ ಹತ್ತು ವರ್ಷದ ಬೆಳೆ, ತಯಾರಿಕೆ, ಬೆಲೆ, ಶುದ್ಧತೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಯಾವುದೋ ಬಂದರಿನಲ್ಲಿ ದಾಖಲೆ ಜಪ್ತಿ ಅಂತ ಸುದ್ದಿ ಬಂದಾಗ ಆ ಹಾಳೆ ತೆಗೆದು ಹೋಲಿಸಿ.