ಏಳು ಅದ್ಭುತಗಳನ್ನು ಆರಿಸುವುದು ಹೇಗೆ?

ಜಗತ್ತಿನ ಏಳು ಅದ್ಭುತ ಯಾವುವು ಎಂದು ಕೇಳಿದರೆ ಎಲ್ಲರೂ ತಾಜ್ ಮಹಲಿನಿಂದ ಶುರು ಮಾಡುತ್ತಾರೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಎರಡು ಪಟ್ಟಿಗಳು ಕಲಸಿಹೋಗಿರುತ್ತವೆ. ಗ್ರೀಕರ ಕಾಲದ ಹಳೆಯ ಪಟ್ಟಿ ಒಂದು, 2007ರ ಜುಲೈ 7ರಂದು ಲಿಸ್ಬನ್‌ನಲ್ಲಿ ಘೋಷಣೆಯಾದ ಹೊಸ ಪಟ್ಟಿ ಇನ್ನೊಂದು. ಶಾಲೆಯ ವಸ್ತುಪ್ರದರ್ಶನಕ್ಕೋ, ಕನ್ನಡ ಸಂಘದ ಸ್ಪರ್ಧೆಗೋ, ಪ್ರವಾಸಿ ಕೈಪಿಡಿಗೋ ತಾವೇ ಏಳನ್ನು ಆರಿಸಲು ಕೂತವರು ಮೊದಲು ಈ ಎರಡೂ ಹೇಗೆ ಹುಟ್ಟಿದವು ಎಂದು ನೋಡಿಕೊಳ್ಳಬೇಕು. ಎರಡೂ ಎಡವಿವೆ, ಎಡವಿದ ಜಾಗ ಮಾತ್ರ ಬೇರೆ ಬೇರೆ.

ಗ್ರೀಕರು ತಮ್ಮ ಪಟ್ಟಿಗೆ ಇಟ್ಟ ಹಳೆಯ ಹೆಸರಿನ ಅರ್ಥ ‘ನೋಡಬೇಕಾದವು’ ಎಂದಷ್ಟೇ. ಅದು ಪ್ರಯಾಣಿಕರ ಪಟ್ಟಿ. ಅವರಿಗೆ ಗೊತ್ತಿದ್ದ ಜಗತ್ತು ಮೆಡಿಟರೇನಿಯನ್ ಸುತ್ತಲಿನದು, ಪೂರ್ವಕ್ಕೆ ಬ್ಯಾಬಿಲೋನ್‌ವರೆಗೆ. ಹಾಗಾಗಿ ಸಾಂಚಿಯ ಸ್ತೂಪ ಆಗಲೇ ಎದ್ದು ನಿಂತಿದ್ದರೂ ಅವರ ಲೆಕ್ಕಕ್ಕೆ ಬರಲಿಲ್ಲ. ಸಿಡಾನ್‌ನ ಆಂಟಿಪೇಟರ್ ಎಂಬ ಕವಿಯ ಪದ್ಯದಲ್ಲಿರುವ ಏಳರಲ್ಲಿ, ಈಗ ನಾವು ಎಣಿಸುವ ಅಲೆಕ್ಸಾಂಡ್ರಿಯಾದ ದೀಪಸ್ತಂಭ ಕೂಡ ಇಲ್ಲ, ಅದರ ಬದಲು ಬ್ಯಾಬಿಲೋನಿನ ಕೋಟೆಗೋಡೆ ಇದೆ. ಪಟ್ಟಿಯಲ್ಲಿರುವ ಬ್ಯಾಬಿಲೋನಿನ ತೂಗುತೋಟದ ಸುದ್ದಿ ಅಲ್ಲಿಯವರ ಸ್ವಂತ ಬರಹಗಳಲ್ಲಿ ಎಲ್ಲೂ ಸಿಕ್ಕಿಲ್ಲ.

2007ರದು ಮತದಾನದ ಪಟ್ಟಿ. 77 ಹೆಸರುಗಳಿಂದ ತಜ್ಞರು 21 ಆರಿಸಿದರು, ಉಳಿದದ್ದನ್ನು ಇಂಟರ್‌ನೆಟ್ಟು ಮತ್ತು ಫೋನಿಗೆ ಬಿಟ್ಟರು. ಹತ್ತು ಕೋಟಿಗೂ ಹೆಚ್ಚು ಮತ ಬಂತು ಎಂದು ಆಯೋಜಕರು ಹೇಳಿಕೊಂಡರು. ಒಬ್ಬರೇ ಹಲವು ಸಲ ಒತ್ತುವುದನ್ನು ತಡೆಯುವ ಏರ್ಪಾಡು ಮಾತ್ರ ಇರಲಿಲ್ಲ. ಇದು ಇಂಟರ್‌ನೆಟ್ ಇರುವವರ ಅಭಿಪ್ರಾಯವೇ ಹೊರತು ಇಡೀ ಜಗತ್ತಿನದಲ್ಲ ಎಂದು ಹೇಳಿ ಯುನೆಸ್ಕೋ ದೂರ ನಿಂತಿತು. ನಮಗೆ ಅದಕ್ಕಿಂತ ದೊಡ್ಡ ತಕರಾರು 21ರ ಪಟ್ಟಿಯ ಬಗ್ಗೆಯೇ ಇದೆ. 1869ರಲ್ಲಿ ಕಟ್ಟಲು ತೊಡಗಿದ, ಹಳೆಯದರಂತೆ ಕಾಣಲೆಂದೇ ಕಟ್ಟಿಸಿದ ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್ ಅರಮನೆ ಅದರಲ್ಲಿದೆ, ಎಲ್ಲೋರದ ಕೈಲಾಸವೂ ಜಾವಾದ ಬೊರೊಬುದೂರೂ ಇಲ್ಲ. ಕ್ಯಾಲೆಂಡರಿನ ಚಿತ್ರ ನೋಡಿ ಆರಿಸಿದರೆ ಆಗುವುದು ಹೀಗೆಯೇ.

ಮೊದಲು ಬೇಲಿ ಹಾಕಿ

ಹೆಸರು ಕೂಗುವ ಮೊದಲು ಮೂರು ಸಂಗತಿ ಬರೆದಿಟ್ಟುಕೊಳ್ಳಿ. ಮನುಷ್ಯ ಕಟ್ಟಿದ್ದೇ, ಪ್ರಕೃತಿಯದೇ? ಯಾವ ಇಸವಿಯವರೆಗಿನದು? ಈಗ ನಿಂತಿರುವುದು ಮಾತ್ರವೇ, ಬಿದ್ದುಹೋದದ್ದೂ ಸೇರುತ್ತದೆಯೇ?

ಮೊದಲ ಪ್ರಶ್ನೆಯಲ್ಲೇ ಹೆಚ್ಚಿನವರು ಜಾರುತ್ತಾರೆ. 2023ರಲ್ಲಿ ಘೋಷಣೆಯಾದ ಕರ್ನಾಟಕದ ಏಳು ಅದ್ಭುತಗಳಲ್ಲಿ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಹಂಪಿ, ಶ್ರವಣಬೆಳಗೊಳದ ಗೊಮ್ಮಟ, ಗೋಳಗುಮ್ಮಟ, ಮೈಸೂರು ಅರಮನೆಯ ಜೊತೆಗೆ ಜೋಗ ಜಲಪಾತ ಮತ್ತು ನೇತ್ರಾಣಿ ದ್ವೀಪವೂ ಇವೆ. ಅಷ್ಟಾಗಿ ಯಾರೂ ಹೋಗದ ಹಿರೇಬೆಣಕಲ್ಲನ್ನು ಮೇಲೆತ್ತಿದ್ದು ಒಳ್ಳೆಯ ಆಯ್ಕೆ. ಆದರೆ ಅರಮನೆಯನ್ನೂ ಜಲಪಾತವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಶರಾವತಿಗೆ ‘ಎಷ್ಟು ಕಷ್ಟಪಟ್ಟು ಕಟ್ಟಿದೆ?’ ಎಂದು ಕೇಳಲಾಗದು. ಎರಡೂ ಬೇಕೆಂದಿದ್ದರೆ ಎರಡು ಪಟ್ಟಿ ಮಾಡಿ.

ಆಮೇಲೆ, ಒಂದು ಹೆಸರಿನಡಿ ಎಷ್ಟು ಬರುತ್ತದೆ ಎಂದು ಗೆರೆ ಎಳೆಯಿರಿ. ‘ಹಂಪಿ’ ಎಂದರೆ ಒಂದು ಕಟ್ಟಡವಲ್ಲ, ಇಡೀ ರಾಜಧಾನಿ. ‘ಚೀನಾದ ಮಹಾಗೋಡೆ’ ಎಂದರೆ 2012ರಲ್ಲಿ ಪ್ರಕಟವಾದ ಅಳತೆಯಂತೆ ಎಲ್ಲ ರಾಜವಂಶಗಳ ಗೋಡೆಗಳೂ ಸೇರಿ 21,196 ಕಿ.ಮೀ.; ಫೋಟೊಗಳಲ್ಲಿ ಕಾಣುವುದು ಮಿಂಗ್ ಕಾಲದ, ಅದೂ ದುರಸ್ತಿಯಾದ ಕೆಲವು ತುಂಡುಗಳು. ಇಡೀ ಊರನ್ನು ಒಂದು ಗುಮ್ಮಟದ ಎದುರು ನಿಲ್ಲಿಸಿದರೆ ಊರೇ ಗೆಲ್ಲುತ್ತದೆ. ಆದ್ದರಿಂದ ಊರಿಗೆ ಊರು, ಕಟ್ಟಡಕ್ಕೆ ಕಟ್ಟಡ.

ಉದ್ದ ಪಟ್ಟಿ, ಒಂದೊಂದಕ್ಕೂ ಒಂದು ಕಾರ್ಡು

ಏಳು ಬೇಕಿದ್ದರೆ ಕನಿಷ್ಠ 40 ಹೆಸರು ಸೇರಿಸಿ. ಒಂದೇ ದೇಶದಿಂದ (ಅಥವಾ ಜಿಲ್ಲೆಯಿಂದ) ನಾಲ್ಕಕ್ಕಿಂತ ಹೆಚ್ಚು ಬೇಡ. ಪ್ರತಿ ಹೆಸರಿಗೂ ಒಂದು ಕಾರ್ಡು ಮಾಡಿ ಐದು ಸಂಗತಿ ಬರೆಯಿರಿ: ಯಾರು ಯಾವಾಗ ಮಾಡಿಸಿದರು, ಅದಕ್ಕೆ ಆಧಾರವೇನು; ನಿಖರ ಅಳತೆ; ಆಗ ಕೈಯಲ್ಲಿದ್ದ ಸಾಮಗ್ರಿ, ಸಲಕರಣೆ; ಮೂಲದ್ದೆಷ್ಟು, ಆಮೇಲೆ ಸೇರಿದ್ದೆಷ್ಟು; ಇದಕ್ಕೆ ಅತಿ ಹತ್ತಿರದ ಸಾಟಿ ಮೂರು.

ಆಧಾರ ಎಂದರೆ ಗೊಮ್ಮಟನ ಕಾಲಬುಡದಲ್ಲಿರುವಂಥದ್ದು: ‘ಶ್ರೀ ಚಾವುಣ್ಡರಾಜಂ ಮಾಡಿಸಿದಂ’. ಕಲ್ಲೇ ಸಾಕ್ಷಿ ಹೇಳುತ್ತದೆ. ಗೈಡು ಹೇಳಿದ ಕತೆ ಆಧಾರವಲ್ಲ, ಬೇಕಿದ್ದರೆ ಅದನ್ನು ಕಾರ್ಡಿನ ಹಿಂಬದಿಯಲ್ಲಿ ಬರೆಯಿರಿ.

‘ಅತಿ ದೊಡ್ಡದು’ ಎಂಬುದನ್ನು ಉಜ್ಜಿ ನೋಡಿ

ಹೆಚ್ಚು ಸಮಯ ಕೊಡಬೇಕಾದ ಕೆಲಸ ಇದೇ. ಗೋಳಗುಮ್ಮಟ ಜಗತ್ತಿನಲ್ಲೇ ಎರಡನೆಯ ದೊಡ್ಡ ಗುಮ್ಮಟ, ರೋಮಿನ ಸಂತ ಪೀಟರ್ ಚರ್ಚಿನದು ಮೊದಲನೆಯದು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ನಾವೆಲ್ಲ. ಅಳತೆ ನೋಡಿ: ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಸಂತ ಪೀಟರಿನದು ಸುಮಾರು 41.5. ಆದರೆ ಅದೇ ರೋಮಿನಲ್ಲಿ ಅದಕ್ಕಿಂತ ಸಾವಿರದ ನಾನೂರು ವರ್ಷ ಹಳೆಯದಾದ ಪ್ಯಾಂಥಿಯನ್ ಇದೆ, ಅದು ಸುಮಾರು 43.3 ಮೀಟರ್. ಫ್ಲಾರೆನ್ಸಿನ ಎಂಟು ಮೂಲೆಯ ಗುಮ್ಮಟ ಇನ್ನೂ ಅಗಲ. ಇಪ್ಪತ್ತನೇ ಶತಮಾನದ ಕಾಂಕ್ರೀಟು, ಉಕ್ಕಿನ ಗುಮ್ಮಟಗಳನ್ನು ಎಣಿಸಲೇ ಇಲ್ಲ. ಅಂದರೆ ‘ಎರಡನೆಯದು’ ಎಂಬ ಮಾತು ನಿಲ್ಲುವುದಿಲ್ಲ.

ಹಾಗೆಂದು ಗೋಳಗುಮ್ಮಟವನ್ನು ಹೊರಗೆ ಹಾಕಬೇಡಿ. ಅದರ ಬೆರಗು ಬೇರೆ ಕಡೆ ಇದೆ. ಚೌಕದ ಗೋಡೆಗಳ ಮೇಲೆ ದುಂಡು ಗುಮ್ಮಟ ಕೂರಿಸಲು ಎಂಟು ಕಮಾನುಗಳನ್ನು ಒಂದರೊಳಗೊಂದು ಹಾಯಿಸಿದ್ದಾರೆ. ನಡುವೆ ಒಂದು ಕಂಬವೂ ಇಲ್ಲ. ಒಳಕ್ಕೆ ಚಾಚಿದ ಆ ಕಮಾನುಗಳ ಭಾರ, ಗೋಡೆಯನ್ನು ಹೊರಕ್ಕೆ ತಳ್ಳುವ ಗುಮ್ಮಟದ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಕಾರ್ಡಿನಲ್ಲಿ ಬರಬೇಕಾದ್ದು ಇದು.

ಗೊಮ್ಮಟ ಅತಿ ಎತ್ತರದ ಏಕಶಿಲಾ ಮೂರ್ತಿ ಎಂಬ ಮಾತಿನಲ್ಲೂ ಒಂದು ಪದ ಮುಖ್ಯ. ಚೀನಾದ ಲೆಶಾನ್ ಬುದ್ಧ 71 ಮೀಟರ್, ಅದೂ ಬಂಡೆಯಲ್ಲೇ ಕಡೆದದ್ದು. ಆದರೆ ಬೆನ್ನು ಬೆಟ್ಟಕ್ಕೆ ಅಂಟಿದೆ. ಗೊಮ್ಮಟ ಸುಮಾರು 57 ಅಡಿ, ತೊಡೆಯಿಂದ ಮೇಲೆ ಯಾವ ಆಸರೆಯೂ ಇಲ್ಲದೆ ಬಯಲಲ್ಲಿ ನಿಂತವನು. ‘ಆಸರೆಯಿಲ್ಲದ’ ಎಂಬ ಪದ ಬಿಟ್ಟರೆ ಹೇಳಿಕೆ ಸುಳ್ಳಾಗುತ್ತದೆ. ಜೋಗದಲ್ಲೂ ಹಾಗೆಯೇ: 253 ಮೀಟರ್ ಎಂಬುದು ಸರಿ, ಆದರೆ ‘ಭಾರತದಲ್ಲಿ ಎಷ್ಟನೆಯದು’ ಎಂಬುದು ಒಂದೇ ನೆಗೆತವನ್ನು ಅಳೆಯುತ್ತೀರೋ, ಮೆಟ್ಟಿಲು ಮೆಟ್ಟಿಲಾಗಿ ಬೀಳುವುದನ್ನೆಲ್ಲ ಕೂಡುತ್ತೀರೋ ಎಂಬುದರ ಮೇಲೆ ನಿಂತಿದೆ.

ಚಂದ್ರನಿಂದ ಕಾಣುವ ಮಹಾಗೋಡೆಯ ಕತೆಯನ್ನು ಕಸದ ಬುಟ್ಟಿಗೆ ಹಾಕಿ. 2003ರಲ್ಲಿ ಬರೀ ಭೂಮಿಯನ್ನು ಸುತ್ತಿ ಬಂದ ಚೀನಾದ ಗಗನಯಾತ್ರಿ ಯಾಂಗ್ ಲಿವೇ ಅವರಿಗೇ ಅದು ಕಾಣಲಿಲ್ಲ.

ಅಂಕ ಕೊಡುವಾಗ

ನೂರಕ್ಕೆ ಹೀಗೆ ಹಂಚಿ: ಅಂದಿನ ಸಲಕರಣೆಯಲ್ಲಿ ಅದನ್ನು ಮಾಡುವುದು ಎಷ್ಟು ಕಠಿಣವಾಗಿತ್ತು ಎಂಬುದಕ್ಕೆ 40, ಸಾಟಿ ಇಲ್ಲದಿರುವುದಕ್ಕೆ 30, ಅಸಲಿತನಕ್ಕೆ 20, ಎದುರು ನಿಂತಾಗ ಕಣ್ಣಿಗೆ ಆಗುವ ಬೆರಗಿಗೆ 10. ಪ್ರಸಿದ್ಧಿಗೆ ಸೊನ್ನೆ. ಕಣ್ಣಿಗೆ ಹತ್ತೇ ಏಕೆ ಎಂದರೆ, ಅದು ಹೇಗೂ ಉಳಿದ ಮೂರು ಅಂಕಗಳೊಳಗೆ ನುಸುಳಿಕೊಳ್ಳುತ್ತದೆ.

ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ರಿಯೊ ಡಿ ಜನೈರೊದ ಕ್ರಿಸ್ತನ ಪ್ರತಿಮೆ 30 ಮೀಟರ್ ಎತ್ತರ, 1931ರಲ್ಲಿ ಮುಗಿದದ್ದು, ಕಬ್ಬಿಣ ಹಾಕಿದ ಕಾಂಕ್ರೀಟಿನ ಮೇಲೆ ಬಳಪದ ಕಲ್ಲಿನ ಹೊದಿಕೆ. ಸಾಮಗ್ರಿ ಸಾಗಿಸಲು ಬೆಟ್ಟಕ್ಕೆ ರೈಲು ಮೊದಲೇ ಇತ್ತು. ಎಲ್ಲೋರದ ಕೈಲಾಸ ಎಂಟನೇ ಶತಮಾನದ್ದು, ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ್ದು. ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಉಳಿ ಸುತ್ತಿಗೆಯಲ್ಲಿ ಕೊರೆಯುತ್ತ ಬಂದು ಶಿಖರ, ಮಂಟಪ, ಆನೆಗಳನ್ನು ಬಿಡಿಸಿದ್ದಾರೆ. ಕಟ್ಟುವವನು ತಪ್ಪಿದರೆ ಕಲ್ಲು ಬದಲಿಸಬಹುದು. ಇಲ್ಲಿ ತಪ್ಪಿದ್ದು ತಪ್ಪೇ. ಮೊದಲ ಸಾಲಿನ 40ರಲ್ಲಿ ಕೈಲಾಸಕ್ಕೆ 38 ಕೊಟ್ಟರೆ ಕ್ರಿಸ್ತನಿಗೆ 15 ಕೊಟ್ಟರೂ ಹೆಚ್ಚೇ. ಭಕ್ತಿ, ಚೆಲುವು, ನೋಟ ಎಲ್ಲ ಸರಿ, ಆದರೆ ಏಳರಲ್ಲಿ ಸೇರುವ ಕೃತಿ ಅದಲ್ಲ.

ಫೋಟೊದಲ್ಲಿ ಕಾಣದ್ದಕ್ಕೂ ಅಂಕ ಕೊಡಲು ಮರೆಯಬೇಡಿ. ಜೋರ್ಡಾನಿನ ಪೆಟ್ರಾ ಎಂದರೆ ಕೆಂಪು ಬಂಡೆಯ ಆ ಒಂದು ಮುಂಭಾಗವೇ ಕಣ್ಣಮುಂದೆ ಬರುತ್ತದೆ. ಆ ಮರುಭೂಮಿಯಲ್ಲಿ ಊರು ಬದುಕಿದ್ದು ನಬಾಟಿಯನ್ನರು ಮಾಡಿದ ಅಣೆಕಟ್ಟು, ನೀರುತೊಟ್ಟಿ, ಮಣ್ಣಿನ ಕೊಳವೆಗಳಿಂದ. ಮಾಚು ಪಿಚುವಿನಲ್ಲಿಯೂ ಅರ್ಧ ಜಾಣತನ ನೆಲದಡಿಯ ತಳಪಾಯ ಮತ್ತು ಬಸಿಗಾಲುವೆಗಳಲ್ಲಿದೆ.

ಅಸಲಿತನವೆಂದರೆ ಹಳೆಯ ಕಲ್ಲೇ ಇರಬೇಕೆಂದಲ್ಲ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸ ಮರದಲ್ಲಿ ಕಟ್ಟುತ್ತಾರೆ; ಕೈಕಸುಬು ಹಳೆಯದು, ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಅದಕ್ಕೆ ಪೂರ್ತಿ ಅಂಕ. ಹಾಗೆಯೇ ಬಿದ್ದು ಎದ್ದದ್ದನ್ನು ಮುಚ್ಚಿಡಬೇಡಿ: ಇಸ್ತಾಂಬುಲಿನ ಹಾಗಿಯಾ ಸೋಫಿಯಾದ ಮೊದಲ ಗುಮ್ಮಟ 558ರಲ್ಲಿ ಕುಸಿಯಿತು, ಮತ್ತಷ್ಟು ಎತ್ತರಿಸಿ ಕಟ್ಟಿದ್ದು ನಂತರ. ಕಾರ್ಡಿನಲ್ಲಿ ಎರಡೂ ಇರಲಿ. ಅಂಕ ಕಡಿಯಬೇಕಾದ್ದು ಸಿಮೆಂಟು ಮೆತ್ತಿ, ಬಣ್ಣ ಬಳಿದು ಮೂಲ ಯಾವುದೆಂದೇ ತಿಳಿಯದಂತೆ ಮಾಡಿದ ಜೀರ್ಣೋದ್ಧಾರಕ್ಕೆ.

ತೀರ್ಪುಗಾರರು, ಲೆಕ್ಕ

ಏಳು ಜನ ಸಾಕು. ಒಬ್ಬರಾದರೂ ಎಂಜಿನಿಯರ್ ಅಥವಾ ಅನುಭವಿ ಮೇಸ್ತ್ರಿ, ಒಬ್ಬರು ಶಾಸನ ಓದಬಲ್ಲವರು ಇರಲಿ. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ಒಂಟಿಯಾಗಿ ಅಂಕ ಬರೆದು ಲಕೋಟೆಗೆ ಹಾಕಬೇಕು. ಮೊದಲು ಮಾತಾಡಿದರೆ ಗಟ್ಟಿ ದನಿಯವರ ಅಂಕವೇ ಎಲ್ಲರ ಅಂಕವಾಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಆದ್ದರಿಂದ ತಮ್ಮ ಊರಿನದಕ್ಕೆ ಯಾರೂ ಅಂಕ ಕೊಡುವಂತಿಲ್ಲ. ಇದಕ್ಕೆ ಉಲ್ಟಾ ರೋಗವೂ ಉಂಟು, ಹಿತ್ತಲ ಗಿಡ ಮದ್ದಲ್ಲ ಎಂದು ಮನೆ ಪಕ್ಕದ್ದನ್ನು ಪಟ್ಟಿಗೇ ಸೇರಿಸದಿರುವುದು. ಅದಕ್ಕೆ ಮದ್ದು ಆ 40 ಹೆಸರಿನ ಉದ್ದ ಪಟ್ಟಿ.

ಸರಾಸರಿ ತೆಗೆಯಬೇಡಿ, ಮಧ್ಯಾಂಕ (ಅಂಕಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆಯಿರಿ. ಆರು ಜನ 80 ಕೊಟ್ಟು ಒಬ್ಬರು ಹಟಕ್ಕೆ 10 ಕೊಟ್ಟರೆ ಸರಾಸರಿ 70ಕ್ಕೆ ಕುಸಿಯುತ್ತದೆ, ಮಧ್ಯಾಂಕ 80ರಲ್ಲೇ ಇರುತ್ತದೆ. ಮೊದಲ ಸುತ್ತಿನಲ್ಲಿ 40ರಿಂದ 15ಕ್ಕೆ ಇಳಿಸಿ. ಆ 15 ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಚರ್ಚಿಸಿ, ಎರಡನೇ ಸಲ ಗುಟ್ಟಾಗಿ ಅಂಕ ಹಾಕಿ.

ಜನರ ಮತವೂ ಬೇಕೇಬೇಕು ಎಂದರೆ ಅದನ್ನು 15ರ ಪಟ್ಟಿ ತಯಾರಾದ ಮೇಲೆ ಮಾತ್ರ ಕರೆಯಿರಿ. ಒಂದು ಮೊಬೈಲ್ ಸಂಖ್ಯೆಗೆ ಒಂದೇ ಮತಪತ್ರ, ಅದರಲ್ಲಿ ಕಡ್ಡಾಯವಾಗಿ ಏಳು ಹೆಸರು. ಒಂದೇ ಹೆಸರಿಗೆ ಅವಕಾಶ ಕೊಟ್ಟರೆ ಪ್ರತಿ ಊರೂ ತನ್ನದನ್ನು ಒತ್ತಿ ಮುಗಿಸುತ್ತದೆ. ಏಳನ್ನು ಆರಿಸಲೇಬೇಕಾದಾಗ ಉಳಿದ ಆರಕ್ಕೆ ಕಾರ್ಡು ಓದಬೇಕಾಗುತ್ತದೆ.

ಪ್ರಕಟಿಸುವಾಗ ಏಳನ್ನೂ ಅಕಾರಾದಿಯಾಗಿ ಬರೆಯಿರಿ, ಒಂದನೆಯದು ಎರಡನೆಯದು ಎಂಬ ನಂಬರು ಬೇಡ. ಪ್ರತಿ ಹೆಸರಿನ ಕೆಳಗೆ ಅದು ಏಕೆ ಬಂತು ಎಂಬುದಕ್ಕೆ ಎರಡು ಸಾಲು, ಅಳತೆ ಸಹಿತ. ಎಂಟನೆಯದರಿಂದ ಹದಿನೈದನೆಯದರವರೆಗಿನ ಹೆಸರುಗಳನ್ನೂ ಅವುಗಳ ಅಂಕವನ್ನೂ ಅದೇ ಹಾಳೆಯ ಕೊನೆಗೆ ಅಚ್ಚು ಹಾಕಿ; ‘ನಮ್ಮದೇಕೆ ಬಿಟ್ಟಿರಿ?’ ಎಂದು ಕೇಳಿಕೊಂಡು ಬರುವವರಿಗೆ ತೋರಿಸಲು ಬೇಕಾಗುತ್ತದೆ.